ಹದಿನೆಂಟನೇ ದಿನ ಆನ್‌ಲೈನ್ ಬಂದವನು

ಸತ್ತ ಹದಿನೆಂಟನೇ ದಿನ, ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ, ನನ್ನ ಗಂಡ ಮೆಸೇಜ್ ಹಾಕಿದ!

ನಾನು ಆಗ ಹಲ್ಲುಜ್ಜುತ್ತಿದ್ದೆ.

ಮಣ್ಣು ಮಾಡಿದ ಮೇಲಿನ ಮೊದಲ ಮಾಮೂಲಿ ಬೆಳಗು ಅದು. ನೆಂಟರೆಲ್ಲ ಹಿಂದಿನ ಸಂಜೆಯೇ ಬಸ್ ಹತ್ತಿದ್ದರು. ಇಂಡಿ ಊರಿನ ನಮ್ಮ ಮನೆಯಲ್ಲಿ ಉಳಿದದ್ದು ನಾನು, ಅತ್ತೆ ಶೆಟ್ಟೆವ್ವ, ಮತ್ತು ನೆಂಟರು ಬಿಟ್ಟುಹೋದ ಮೂರು ಡಬ್ಬಿ, ರೊಟ್ಟಿಗೆ ನೆಂಚಿಕೊಳ್ಳುವ ಶೇಂಗಾ ಹಿಂಡಿ. ನಲ್ಲಿಗೆ ನೀರು ಬಂದಿತ್ತು. ಹಾಲಿನವನು ಕೂಗಿದ. ಎಲ್ಲ ಸರಿಯಾಗಿಯೇ ಇತ್ತು... ಸಿದ್ದಲಿಂಗ ಇರಲಿಲ್ಲ, ಅಷ್ಟೇ.

ಕಪಾಟಿನ ಮೇಲಿದ್ದ ಅವನ ಫೋನ್ ಗುರ್ ಎಂದಿತು.

ಒಂದು ಸಲವಲ್ಲ. ನಲವತ್ತು ಸಲ!

ತೆರೆದೆ. 'ಹತ್ತನೇ ಎ' ಗ್ರೂಪು. ಸಿಂದಗಿ ತಾಲ್ಲೂಕಿನ ಮೋರಟಗಿಯ ಹೈಸ್ಕೂಲಿನಲ್ಲಿ ಅವನು ವಿಜ್ಞಾನದ ಮಾಸ್ತರ. ಆ ಗ್ರೂಪಿನ ಅಡ್ಮಿನ್. ಅವನ ಹೆಸರಿನಲ್ಲೇ ಒಂದು ಪ್ರಶ್ನೆಪತ್ರಿಕೆಯ ಫೋಟೋ. ಕೆಳಗೆ ಎರಡು ಸಾಲು: 'ಪಬ್ಲಿಕ್ ಪರೀಕ್ಷೆಗೆ ಇದೇ ಬರೋದು, ಗ್ಯಾರಂಟಿ. ಉತ್ತರಕ್ಕೆ ಈ ಚಾನೆಲ್ ಸೇರಿರಿ.'

ಅದರ ಕೆಳಗೆ ಮಕ್ಕಳ ಮೆರವಣಿಗೆ.

'ಸರ್!!!'

'ಸರ್ ಮ್ಯಾಲಿಂದ ಕಳಿಸ್ಯಾರ!'

ಬಾಯಿಯಲ್ಲಿದ್ದ ಪೇಸ್ಟು ನುಂಗಿಬಿಟ್ಟೆ.

ನನ್ನ ಪರಿಚಯ ಹೇಳುತ್ತೇನೆ, ನಗಬೇಡಿ. ವಿದ್ಯಾವತಿ. ಎಂ.ಎಸ್ಸಿ., ಕಂಪ್ಯೂಟರ್ ಸೈನ್ಸ್. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ... ಈ ನಾಲ್ಕೂ ತಾಲ್ಲೂಕಿನ ಮಾಸ್ತರರಿಗೂ ಮಕ್ಕಳಿಗೂ ಸೋಶಿಯಲ್ ಮೀಡಿಯಾ ಹೇಗೆ ಬಳಸಬೇಕೆಂದು ಪಾಠ ಹೇಳುವವಳು ನಾನೇ. ಯಾರದಾದರೂ ಅಕೌಂಟ್ ಕಳುವಾದರೆ ನನಗೇ ಫೋನ್. ಮೂರು ವರ್ಷದಲ್ಲಿ ಹನ್ನೊಂದು ಕೇಸ್ ಬಿಡಿಸಿದ್ದೇನೆ.

ಹನ್ನೆರಡನೆಯದು ನನ್ನ ಕಪಾಟಿನ ಮೇಲೇ ಕೂತಿತ್ತು!

ಒಂಬತ್ತಕ್ಕೆಲ್ಲ ಆ ಪೇಪರ್ ಮುದ್ದೇಬಿಹಾಳ ಮುಟ್ಟಿತ್ತು. ಒಂಬತ್ತೂಕಾಲಿಗೆ ಬಾಗೇವಾಡಿ. 'ಮೇಡಂ, ಇದು ಖರೇನ?' ಎಂದು ನನಗೇ ಫಾರ್ವರ್ಡ್ ಮಾಡಿ ಕೇಳಿದ ಮಾಸ್ತರರು ಏಳು ಜನ. ಏಳೂ ಜನ ನನ್ನ ಟ್ರೇನಿಂಗ್ ಮುಗಿಸಿ ಸರ್ಟಿಫಿಕೇಟ್ ತಗೊಂಡವರು.

ಆಮೇಲೆ ಒಂದು ಕಾಲ್ ಬಂತು. ಅಳು ಮೊದಲು, ಮಾತು ಆಮೇಲೆ.

"ಅಕ್ಕೋರ... ನಾ ಸುರೇಖಾರಿ. ಮೋರಟಗಿ ಸಿದ್ದರಾಯನ ಮಗಳು."

ಸಿದ್ದಲಿಂಗ ಊಟಕ್ಕೆ ಕೂತಾಗಲೆಲ್ಲ ಅವಳ ಸುದ್ದಿ ಹೇಳುತ್ತಿದ್ದ. ಕುರಿ ಕಾಯುವವರ ಮನೆಯ ಹುಡುಗಿ. ತರಗತಿಗೇ ಮೊದಲು.

"ಏನಾತವಾ?"

"ಆ ಪೇಪರ್ ನಾನ ಫಾರ್ವರ್ಡ್ ಮಾಡೀನ್ರಿ. ಬ್ಯಾರೆ ಸಾಲಿ ಗ್ರೂಪಿಗೆಲ್ಲ. ಸರ್ ನಮಗಂತ ಇಟ್ಟು ಹೋಗ್ಯಾರ ಅಂತ ತಿಳದ್ನಿ... 'ನಮ್ಮ ಸರ್ ಕೊನೀ ಕಾಣಿಕಿ' ಅಂತ ಬರದ ಹಾಕೀನ್ರಿ!"

"ಹೆಡ್‌ಮಾಸ್ತರ್ ಏನಂದ್ರು?"

"ಸತ್ತವರು ಮೆಸೇಜ್ ಹಾಕೂದಿಲ್ಲ, ನೀನ ಏನೋ ಆಟ ಕಟ್ಟೀದಿ ಅಂತಾರ್ರಿ. ಹಾಲ್ ಟಿಕೆಟ್ ಕಸ್ಕೊಂಡಾರ. ನಾಕಕ್ಕ ಎನ್‌ಕ್ವಾಯರಿ ಐತಿ. ಅಪ್ಪ ಸಾಲಿನ ಬಿಡಸ್ತೇನಿ ಅನ್ನಾಕತ್ತಾನ..."

ಗಡಿಯಾರ ನೋಡಿದೆ. ಒಂಬತ್ತೂವರೆ. ಆರೂವರೆ ಗಂಟೆ ಇತ್ತು.

ಅವನ ಫೋನಿನಲ್ಲಿ 'ಲಿಂಕ್ಡ್ ಡಿವೈಸಸ್' ಒತ್ತಿದೆ, ವಾಟ್ಸಾಪ್ ಬೇರೆ ಎಲ್ಲೆಲ್ಲಿ ತೆರೆದಿದೆ ಎಂದು ತೋರಿಸುವ ಪಟ್ಟಿ. ಅಲ್ಲಿತ್ತು ಭೂತ! ಒಂದು ಕಂಪ್ಯೂಟರ್. ಕೊನೆಯ ಬಳಕೆ: ಇಂದು, 7:10. ಎಲ್ಲೋ ಪ್ರಿಂಟ್ ತೆಗೆಸಲು ವಾಟ್ಸಾಪ್ ತೆರೆದು, ಲಾಗೌಟ್ ಮಾಡದೆ ಎದ್ದು ಬಂದಿದ್ದಾನೆ ಮಹಾನುಭಾವ. ನಮ್ಮ ಕಡೆ ಮಾಸ್ತರರೆಲ್ಲ ಮಾಡುವುದು ಹೀಗೆಯೇ. ಬಸ್ಸಿಗೆ ಹೊತ್ತಾಗಿರುತ್ತದೆ, ಪೇಪರ್ ಕೈಗೆ ಬಂದಿರುತ್ತದೆ... ಓಡುತ್ತಾರೆ.

ಇನ್ನೊಂದು ವಿಷಯ. ಹದಿನಾಲ್ಕು ದಿನ ಫೋನ್ ಬಳಸದಿದ್ದರೆ ಆ ಕಂಪ್ಯೂಟರ್ ತಾನಾಗಿಯೇ ಲಾಗೌಟ್ ಆಗುತ್ತದೆ. ಬಾಗಿಲು ತಾನಾಗಿ ಮುಚ್ಚುತ್ತಿತ್ತು. ಮುಚ್ಚಗೊಡದವಳು ನಾನು.

ದಿನಾ ಚಾರ್ಜ್ ಮಾಡಿದೆ. ದಿನಾ ತೆರೆದೆ. ಹತ್ತೊಂಬತ್ತು ಸೆಕೆಂಡಿನ ಒಂದು ವಾಯ್ಸ್ ನೋಟ್ ಕೇಳಲು. "ಹೈಕಮಾಂಡ್, ಮೆಂತೆ ಪಲ್ಯ ತರ್ಲೇನು, ರಾಜಗಿರಿ ತರ್ಲೇನು? ಲಗೂನ ಹೇಳು, ತಿಪ್ಪವ್ವ ಬುಟ್ಟಿ ಎತ್ತಾಕತ್ತಾಳ..."

ಹೈಕಮಾಂಡ್ ಅಂದರೆ ನಾನು. ಅವನ ಫೋನಿನಲ್ಲಿ ನನ್ನ ಹೆಸರೇ ಅದು. ಆವತ್ತು ನಾನು ಉತ್ತರ ಕೊಡಲಿಲ್ಲ, ಟ್ರೇನಿಂಗ್‌ನಲ್ಲಿದ್ದೆ. ನನ್ನ ಫೋನಿನಿಂದ ಅದನ್ನು ಅಳಿಸಿಯೂ ಬಿಟ್ಟಿದ್ದೆ. ನನ್ನದೇ ಪಾಠ ನೋಡಿ: ಬೇಡದ್ದನ್ನು ಆಗಾಗ ಅಳಿಸಿ!

ಒಂದು ಬಟನ್ ಒತ್ತಿದ್ದರೆ ಕಳ್ಳ ಹೊರಗೆ ಬೀಳುತ್ತಿದ್ದ. ಒತ್ತಲಿಲ್ಲ. ಅವನ ಜೊತೆ ಸಾಕ್ಷಿಯೂ ಹೊರಗೆ ಬೀಳುತ್ತಿತ್ತು.

ಕಂಪ್ಯೂಟರ್ ಎಲ್ಲಿದೆ? ಅದನ್ನು ಫೋನ್ ಹೇಳುವುದಿಲ್ಲ.

ಹೇಳಿದ್ದು ಆ ಪೇಪರಿನ ಫೋಟೋ. ಬಲ ಅಂಚಿನಲ್ಲಿ ಮೇಲಿಂದ ಕೆಳಗೆ ಒಂದು ಸಣ್ಣ ಕಪ್ಪು ಗೆರೆ. ಝೆರಾಕ್ಸ್ ಮಷೀನಿನ ಗಾಯ. ಎಲ್ಲೋ ನೋಡಿದ್ದೇನೆ...

ಸಿದ್ದಲಿಂಗನ ಮೇಜಿಗೆ ಹೋದೆ. ಕಿರು ಪರೀಕ್ಷೆಯ ಪೇಪರುಗಳ ಕಟ್ಟು. ಪ್ರತಿ ಹಾಳೆಯ ಬಲ ಅಂಚಿನಲ್ಲೂ ಅದೇ ಗೆರೆ! ಕಟ್ಟಿನ ಮೇಲೆ ಭಾರಕ್ಕೆ ಒಂದು ದೊಡ್ಡ ಸ್ಟೇಪ್ಲರ್. ಹದಿನೆಂಟು ದಿನದಿಂದ ಅದೇ ಸ್ಟೇಪ್ಲರನ್ನು ನಾನು ಸಂತಾಪದ ಪತ್ರಗಳ ಮೇಲೂ ಇಟ್ಟು ತೆಗೆದಿದ್ದೇನೆ. ತಿರುಗಿಸಿ ನೋಡಿರಲಿಲ್ಲ.

ತಿರುಗಿಸಿದೆ. ಬಿಳಿ ಬಣ್ಣದಲ್ಲಿ ಬರೆದಿತ್ತು: 'ಇಜಾಜ ಝೆರಾಕ್ಸ್, ಸಿಂದಗಿ. ತಿರುಗಿ ಕೊಡಿ.'

ಡಿಟೆಕ್ಟಿವ್ ಅಂದರೆ ನಾನು!

ಹೊಸ್ತಿಲಲ್ಲಿ ಅತ್ತೆ ಅಡ್ಡ ನಿಂತರು.

"ತಿಂಗಳ ತುಂಬಿಲ್ಲ. ಎಲ್ಲಿಗಿ ಹೊಂಟಿ?"

"ಸಿಂದಗಿಗಿ. ನಿಮ್ಮ ಮಗನ ಹೆಸರಲೆ ಯಾವನೋ ಮೆಸೇಜ್ ಹಾಕಾಕತ್ತಾನ. ಒಂದು ಹುಡುಗಿ ಸಾಲಿ ತಪ್ಪಿ ಹೋಗ್ತದ."

ಮುದುಕಿ ನನ್ನ ಕಾಲು ನೋಡಿತು.

"ಆ ಚಪ್ಪಲಿ ಕಿತ್ತು ಹೋಗ್ತಾವ. ಗಟ್ಟಿ ಇದ್ದವು ಹಾಕ್ಕೊ."

ನಾನು ಕೇಳಲಿಲ್ಲ. ಎಂ.ಎಸ್ಸಿ. ಓದಿದವಳು.

ಸಿಂದಗಿ ಬಸ್ ಸ್ಟ್ಯಾಂಡಿನ ಎದುರು ಅಂಗಡಿ. ಹನ್ನೆರಡೂವರೆ. ಮಾರ್ಚ್ ಬಿಸಿಲು. ಪರೀಕ್ಷೆ ಕಾಲದ ಗದ್ದಲ. ಇಜಾಜ ಮಷೀನಿನ ಹಿಂದೆ ಬೆವರುತ್ತಿದ್ದ. ನನ್ನ ಗುರುತು ಅವನಿಗಿರಲಿಲ್ಲ.

ಒಳಗಿನ ಕಂಪ್ಯೂಟರಿನಲ್ಲಿ ಕನ್ನಡಕದ ಮನುಷ್ಯನೊಬ್ಬ ಬೆನ್ನು ಹಾಕಿ ಕೂತಿದ್ದ.

"ಅವರು ಯಾರ್ರಿ?"

"ಪರಪ್ಪ ಸರ್ರಿ. ಮಗ್ಗಲ್ದಾಗ ಟ್ಯೂಶನ್ ತಗೋತಾರ. ಮುಂಜಾನೆ ಅಂಗಡಿ ತಗದಕೂಡ್ಲೆ ಬರ್ತಾರ. ನಿಮಗೇನ ಬೇಕ್ರಿ, ಝೆರಾಕ್ಸ?"

"ನೋಡ್ತೇನಿ."

ನೋಡಿದೆ. ಪರದೆಯ ಮೂಲೆಯಲ್ಲಿ ಒಂದು ದುಂಡನೆಯ ಫೋಟೋ. ಗೋಳಗುಮ್ಮಟದ ಮುಂದೆ ಹಲ್ಲು ಕಿರಿದು ನಿಂತ ಸಿದ್ದಲಿಂಗ. ಆ ಫೋಟೋ ತೆಗೆದವಳು ನಾನೇ. ಹೆಬ್ಬೆರಳು ಅಡ್ಡ ಬಂದಿದೆ.

ಪರಪ್ಪ ಎರಡನೆಯ ಪೇಪರ್ ಹಾಕಲು ತಯಾರಾಗಿದ್ದ. ಗಣಿತ!

ಎಡಗೈಯಲ್ಲಿ ಗಂಡನ ಫೋನ್, ವಿಡಿಯೋ ಚಾಲೂ. ಬಲಗೈಯಲ್ಲಿ ನನ್ನ ಫೋನ್. ಸತ್ತವನ ನಂಬರಿಗೆ ಒಂದು ಸಾಲು ಟೈಪ್ ಮಾಡಿದೆ. ಕಳಿಸಿದೆ.

ಪರದೆಯ ಮೇಲೆ ಟಣ್ ಎಂದು ಮೂಡಿತು.

'ಹೈಕಮಾಂಡ್: ಹಿಂದ ಹೊಳ್ಳಿ ನೋಡ್ರಿ, ಮಾಸ್ತರ.'

ಹೊಳ್ಳಿ ನೋಡಿದ!

ಮುಖದ ಬಣ್ಣ ಹೋಯಿತು.

"ನೀ... ನೀವ್ಯಾರ್ರಿ?"

"ಆ ಫೋಟೋದಾಗಿನವರ ಹೇಣ್ತಿ."

"ನಾ ಏನ ಮಾಡೀನ್ರಿ? ಓಪನ್ ಇತ್ತು... ಸಿದ್ದಲಿಂಗ ಸರ್ ಹೆಸರ ಅಂದ್ರ ಮಕ್ಕಳು ನಂಬ್ತಾರ. ನನ್ನ ಟ್ಯೂಶನ್ ಚಾನೆಲ್ಲಿಗಿ ನಾಕು ಮಂದಿ ಬರ್ಲಿ ಅಂತ..."

"ಪೇಪರ್ ಎಲ್ಲಿಂದ ಬಂತು?"

"ನಾನ ಬರದೀನ್ರಿ. ಅಂದಾಜಿಲೆ."

"ಛಲೋ. ಇದನ್ನ ನಾಕಕ್ಕ ಮೋರಟಗಿಯೊಳಗ ಹೇಳ್ರಿ."

ಆಗ ಅವನ ಕಣ್ಣು ನನ್ನ ಎಡಗೈ ಮೇಲೆ ಬಿತ್ತು. ಹಾರಿದ. ಫೋನ್ ಕಸಿದ. ಓಡಿದ!

ಆ ಕ್ಷಣ ನನಗೆ ಸಾಕ್ಷಿ ನೆನಪಾಗಲಿಲ್ಲ. ಸುರೇಖಾ ನೆನಪಾಗಲಿಲ್ಲ. ಹತ್ತೊಂಬತ್ತು ಸೆಕೆಂಡ್ ನೆನಪಾಯಿತು.

ಓಡಿದೆ. ಹತ್ತು ಹೆಜ್ಜೆಗೆ ಚಪ್ಪಲಿ ಕಿತ್ತಿತು. ಶೆಟ್ಟೆವ್ವ ಗೆದ್ದರು. ಬರಿಗಾಲಲ್ಲಿ ಕಬ್ಬಿನ ಟ್ರ್ಯಾಕ್ಟರ್ ಸುತ್ತಿ, ಕಲ್ಲಂಗಡಿ ಗಾಡಿ ದಾಟಿ, ಕಾದ ಡಾಂಬರಿನ ಮೇಲೆ ಕುಣಿಯುತ್ತಾ ಓಡಿದೆ. ಆಗಲೇ ಹೊರಟುಬಿಟ್ಟಿದ್ದ ಆಲಮೇಲ ಬಸ್ಸಿಗೆ ಪರಪ್ಪ ಹಾರಿದ.

"ಹಿಡೀರಿ! ನನ್ನ ಫೋನ್!"

ಬಾಗಿಲಲ್ಲಿ ಕಂಡಕ್ಟರ್. ಗಟ್ಟಿಮುಟ್ಟಾದ ಹೆಂಗಸು. ಆಕೆ ಫೋನಿನ ಮಾತೇ ಎತ್ತಲಿಲ್ಲ. ಅಂಗಿಯ ಕಾಲರ್ ಹಿಡಿದಳು.

"ಟಿಕೆಟ್ ಎಲ್ಲೈತ್ರಿ?"

"ಬಿಡ್ರಿ, ಇಳೀತೇನಿ..."

"ಹತ್ತಿದ ಮ್ಯಾಲ ಟಿಕೆಟ್! ಹೆಣ್ಮಕ್ಕಳಿಗಷ್ಟ ಫ್ರೀ ಐತಿ. ನೀವು ಹೆಣ್ಮಗಳೇನ್ರಿ?"

ಸೀಟಿ ಊದಿದಳು. ಬಸ್ ನಿಂತಿತು. ಬಸ್ಸಿಗೆ ಬಸ್ಸೇ ನಕ್ಕಿತು.

ಫೋನ್ ಕೈಗೆ ಬಂತು. ವಿಡಿಯೋ ಇತ್ತು. ಆದರೆ ನಾನು ಮೊದಲು ಒತ್ತಿದ್ದು ಅದನ್ನಲ್ಲ.

"...ಮೆಂತೆ ಪಲ್ಯ ತರ್ಲೇನು, ರಾಜಗಿರಿ ತರ್ಲೇನು? ಲಗೂನ ಹೇಳು..."

"ಮೆಂತೆ ಅನ್ರಿ," ಎಂದಳು ಕಂಡಕ್ಟರ್. "ಈಗ ರಾಜಗಿರಿ ಛಲೋ ಬರವಲ್ದು."

ನಾನು ತಲೆಯಾಡಿಸಿದೆ.

ಪರಪ್ಪನನ್ನು ಬಸ್ಸಿನಿಂದ ಇಳಿಸಿ ಅಂಗಡಿಗೆ ಮರಳಿ ತಂದೆವು. ಇಜಾಜ ಅವನ ಮುಂದೆ ಬಿಳಿ ಹಾಳೆ ಇಟ್ಟ. ಪರಪ್ಪ ಎಲ್ಲ ಬರೆದು ಸಹಿ ಹಾಕಿದ. ಇಜಾಜ ಮೂರು ಪ್ರತಿ ತೆಗೆದ. ಮೂರಕ್ಕೂ ಕಪ್ಪು ಗೆರೆ!

ಮೂರು ಐವತ್ತಕ್ಕೆ ಮೋರಟಗಿ. ಹೆಡ್‌ಮಾಸ್ತರರ ಕೋಣೆಯಲ್ಲಿ ಸಿದ್ದಲಿಂಗನ ಫೋಟೋ, ಒಣಗಿದ ಹಾರ. ಅದರ ಕೆಳಗೆ ಸುರೇಖಾ. ಬಾಗಿಲಲ್ಲಿ ಹೆಗಲಿಗೆ ಕಂಬಳಿ ಹಾಕಿದ ಅವಳಪ್ಪ ಸಿದ್ದರಾಯ.

ಹೆಡ್‌ಮಾಸ್ತರರು ವಿಡಿಯೋ ನೋಡಿದರು. ಕಾಗದ ಓದಿದರು. ನನ್ನನ್ನು ವರಾಂಡಕ್ಕೆ ಕರೆದರು.

"ಪರಪ್ಪ ಮಾಡಿದ್ದು ಖರೆ ಐತ್ರಿ ಮೇಡಂ. ಆದ್ರ ಅವಂಗ ಗ್ರೂಪ್ ಹೆಂಗ ಸಿಕ್ತು ಅಂತ ಮ್ಯಾಲಿನವರು ಕೇಳ್ತಾರ. ಸಿದ್ದಲಿಂಗ ಸರ್ ನಿಷ್ಕಾಳಜಿ ಅಂತ ಬರೀಬೇಕಾಗ್ತದ. ಸತ್ತವರ ಹೆಸರಿಗಿ ಮಸಿ ಯಾಕ್ರಿ? ಹುಡುಗಿ ಮುಂದಿನ ವರ್ಷ ಕುಂದರ್ಲಿ. ವಿಷಯ ಇಲ್ಲಿಗೇ ಮುಗೀತದ."

ಸುಳ್ಳು ಹೇಳುವುದಿಲ್ಲ. ಅರ್ಧ ನಿಮಿಷ ಯೋಚಿಸಿದೆ. ಸಿದ್ದಲಿಂಗನದು ಅಂತ ನನ್ನ ಬಳಿ ಉಳಿದದ್ದು ಒಂದು ಒಳ್ಳೆಯ ಹೆಸರು ಮಾತ್ರ. ಅದೂ ಹೋಗಬೇಕೇ?

ಕಿಟಕಿಯಿಂದ ಸುರೇಖಾ ಕಂಡಳು. ಹಾಲ್ ಟಿಕೆಟ್ ಇಲ್ಲದ ಖಾಲಿ ಕಂಪಾಸ್ ಬಾಕ್ಸ್ ಹಿಡಿದಿದ್ದಳು.

"ಬರೀರಿ ಸರ್."

"ಏನಂತ್ರಿ?"

"ಮಾಸ್ತರ ಲಾಗೌಟ್ ಮಾಡಲಿಲ್ಲ. ಹೇಣ್ತಿ ದಿನಾ ಫೋನ್ ತಗದು ಬಾಗಲಾ ಮುಚ್ಚಗೊಡಲಿಲ್ಲ. ಹುಡುಗಿ ತನ್ನ ಸರ್‌ನ ನಂಬಿದ್ಲು. ಮೂರೂ ಬರೀರಿ. ಸಹಿ ನಾ ಹಾಕ್ತೇನಿ."

ಬರೆದರು. ಹಾಲ್ ಟಿಕೆಟ್ ಡ್ರಾಯರಿನಿಂದ ಹೊರಬಂತು. ಹುಡುಗಿ ಅದನ್ನು ಎದೆಗೆ ಒತ್ತಿಕೊಂಡಳು.

"ಈಕಿ ಫೋನ್ ಒಲಿಗಿ ಹಾಕ್ತೇನ್ರಿ ಅಕ್ಕೋರ!" ಎಂದ ಸಿದ್ದರಾಯ.

"ಫೋನ್ ಬೇಕಾದ್ರ ಹಾಕ್ರಿ. ಹುಡುಗಿ ಸಾಲಿ ಹಾಕಬ್ಯಾಡ್ರಿ."

ಸುರೇಖಾಳಿಗೆ ಹೇಳಿದೆ: "ಯಾರ ಏನ ಕಳಿಸಿದ್ರೂ ಮುಂದ ನೂಕೂ ಮೊದಲ ಒಮ್ಮೆ ಫೋನ್ ಹಚ್ಚಿ ಕೇಳವಾ. ಕಳಿಸಿದವರು ಸತ್ತಿದ್ರ... ಎರಡು ಸಲ ಕೇಳು."

ಅಳುತ್ತಲೇ ನಕ್ಕಳು.

ನಡೆದದ್ದನ್ನೆಲ್ಲ ಆ ಸಂಜೆ ಗ್ರೂಪಿನಲ್ಲಿ ನನ್ನ ಹೆಸರು ಹಾಕಿಯೇ ಬರೆದೆ. ವಾಯ್ಸ್ ನೋಟನ್ನು ನನ್ನ ಫೋನಿಗೆ ಕಳಿಸಿಕೊಂಡೆ. ಆಮೇಲೆ ಲಾಗೌಟ್ ಒತ್ತಿದೆ. ಅವನ ಫೋನ್ ಆಫ್ ಮಾಡಿದೆ. ಮೆಂತೆ ಪಲ್ಯ ಮಾಡಿದೆ. ಉಪ್ಪು ಹೆಚ್ಚಾಗಿತ್ತು. ಆದರೂ ಅತ್ತೆ ತಟ್ಟೆ ಖಾಲಿ ಮಾಡಿದರು.

ಮರುದಿನ ಗಟ್ಟಿ ಚಪ್ಪಲಿ ಹಾಕಿಕೊಂಡು ಸಿಂದಗಿಗೆ ಹೋದೆ. ಸ್ಟೇಪ್ಲರನ್ನು ಇಜಾಜನ ಕೌಂಟರಿನ ಮೇಲಿಟ್ಟೆ.

"ನಿಮ್ಮದು. ಅವರು ಕೇಳಿ ಒಯ್ದಿದ್ರು."

"ಇರ್ಲಿ ಬಿಡ್ರಿ ಮೇಡಂ. ಸರ್ ನೆನಪಿಗಿ ಇಟ್ಕೋರಿ."

"'ತಿರುಗಿ ಕೊಡಿ' ಅಂತ ಬರದೀರಿ."

ತಗೊಂಡ. ಒಮ್ಮೆ ಒತ್ತಿ ನೋಡಿದ. ಆಮೇಲೆ ತಲೆ ಕೆರೆದುಕೊಂಡ.

"ಮೇಡಂ... ತಪ್ಪ ತಿಳೀಬ್ಯಾಡ್ರಿ. ಒಳಗ ಇನ್ನೊಂದು ಕಂಪ್ಯೂಟರ್ ಐತ್ರಿ, ಅದರಾಗ ನಿಮ್ಮ ಮೇಲ್ ಐಡಿನೂ ಓಪನ್ ಐತ್ರಿ. ಎರಡು ತಿಂಗಳಾತು. ನಿಮ್ಮ ಟ್ರೇನಿಂಗಿಂದು ಹ್ಯಾಂಡೌಟ್ ಪ್ರಿಂಟ್ ಹಾಕ್ಸಾಕ ಸರ್ ತಗದಿದ್ರಲ್ಲ..."

ಹೌದು. ಸಿದ್ದಲಿಂಗನಿಗೆ ಪಾಸ್‌ವರ್ಡ್ ಹೇಳಿದವಳು ನಾನೇ. ನಾನೂರು ಪ್ರತಿ. ನಾಲ್ಕು ತಾಲ್ಲೂಕಿಗೆ ಹಂಚಿದ್ದೆ.

ಕುರ್ಚಿ ಎಳೆದು ಕೂತೆ. ಹ್ಯಾಂಡೌಟ್ ಪರದೆಯ ಮೇಲೇ ಇತ್ತು. ಮೊದಲ ಸಾಲು, ದಪ್ಪ ಅಕ್ಷರದಲ್ಲಿ: 'ಲಾಗೌಟ್ ಮಾಡದೆ ಎದ್ದು ಹೋಗಬೇಡಿ.'

ಅದನ್ನು ಪ್ರಿಂಟ್ ಹಾಕಿಸಿದವನು ಮಾತ್ರ ಎದ್ದು ಹೋಗಿಬಿಟ್ಟಿದ್ದ!