ಮೂರನೇ ತಿಂಗಳ ಹದಿನೆಂಟು

ಮೇ 15, ಬುಧವಾರ, ಬೆಳಿಗ್ಗೆ 9.10. ಶೆಂಜೆನ್ ನಗರದ ಎಲೆಕ್ಟ್ರಾನಿಕ್ಸ್ ಪೇಟೆಯ ಪಕ್ಕದ ಠಾಣೆಗೆ ಫಾಂಗ್ ಯೀ ಎಂಬ ಮದುವೆ ಫೋಟೋಗ್ರಾಫರ್ ಬಂದು ದೂರು ಕೊಟ್ಟ. ಇಪ್ಪತ್ತೆಂಟರ ಹುಡುಗ, ರಾತ್ರಿಯೆಲ್ಲ ನಿದ್ದೆಗೆಟ್ಟ ಮುಖ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಒಂದು ತೋಳು ಮುರಿದ ಕ್ಯಾಮೆರಾ ಡ್ರೋನ್.

ನಾಲ್ಕು ದಿನದ ಹಿಂದೆ ಪೇಟೆಯ ದಲ್ಲಾಳಿಯೊಬ್ಬನಿಂದ ಈ ಸೆಕೆಂಡ್ ಹ್ಯಾಂಡ್ ಡ್ರೋನ್ ಕೊಂಡಿದ್ದ. ನಿನ್ನೆ ಸಂಜೆ 5.35ಕ್ಕೆ ಕಡಲತೀರದ ಉದ್ಯಾನದಲ್ಲಿ ಹಾರಿಸುತ್ತಿದ್ದಾಗ ಅದು ಗಾಳಿಯಲ್ಲೇ ಒಂದು ಮಗ್ಗುಲಿಗೆ ವಾಲಿ, ಗಿರಗಿರನೆ ಸುತ್ತಿ, ಬಯಲಿನಲ್ಲಿ ಕುಣಿಯುತ್ತಿದ್ದ ಹೆಂಗಸರ ಗುಂಪಿನ ಮೇಲೆ ಬಿತ್ತು. ಅರವತ್ತೊಂದರ ಝುವೊ ಮೇಚಿಂಗ್ ಎಂಬಾಕೆಯ ಎಡಗಣ್ಣಿಗೆ ರೆಕ್ಕೆ ತಾಗಿತು. ಕಣ್ಣು ಉಳಿಯುತ್ತದೋ ಇಲ್ಲವೋ, ಶುಕ್ರವಾರ ಪಟ್ಟಿ ಬಿಚ್ಚಿದ ಮೇಲೆಯೇ ಗೊತ್ತಾಗುವುದು ಎಂದಿದ್ದರು ವೈದ್ಯರು.

"ದಲ್ಲಾಳಿ ಯಾರ ಹತ್ರ ಕೊಂಡಿದ್ನಂತೆ?" ಇನ್ಸ್‌ಪೆಕ್ಟರ್ ಲುವೊ ಪೇಲಾನ್ ಕೇಳಿದರು.

"ಕೇಳ್ದೆ ಮೇಡಂ. ಒಂದೇ ಮೂಟೇಲಿ ಮೂವತ್ತು ಬಂದಿದ್ವಂತೆ, ನೆನಪಿಲ್ಲ ಅಂತಾನೆ. ಆದ್ರೆ ಇದರ ಮೇಲೆ ರಿಪೇರಿ ಸೀಲ್ ಇತ್ತು. ಆ ಸೀಲ್ ನೋಡಿಯೇ ನಾನು ತಗೊಂಡಿದ್ದು."

ಡ್ರೋನಿನ ಹೊಟ್ಟೆಯ ಸ್ಕ್ರೂ ಮೇಲೆ ಉಗುರಿನಷ್ಟಗಲದ ಸ್ಟಿಕ್ಕರ್ ಅಂಟಿತ್ತು. ಪೇಟೆಯಲ್ಲಿ ಯಾರು ಯಂತ್ರ ಬಿಚ್ಚಿ ಮುಚ್ಚಿದರೂ ತಮ್ಮ ಸೀಲ್ ಹಚ್ಚಲೇಬೇಕು. ಈ ಸೀಲು ನಾಲ್ಕನೇ ಮಹಡಿಯ ಕುವಾಂಗ್ ಸುಯುನ್‌ಳದು. ಡ್ರೋನ್ ರಿಪೇರಿಯಲ್ಲಿ ಇಡೀ ಪೇಟೆಯಲ್ಲೇ ಹೆಸರಾದ ಹೆಂಗಸು. 9.50ಕ್ಕೆ ಪ್ರಕರಣ ದಾಖಲಾಯಿತು. ಸುದ್ದಿ ತಲುಪಿದ್ದೇ ತಡ, ಪೇಟೆಯ ಆಡಳಿತದವರು ಅವಳ ಅಂಗಡಿಯ ಶಟರ್ ಎಳೆದು ನೋಟಿಸು ಅಂಟಿಸಿಬಿಟ್ಟರು. ಇಂಥ ಕೆಲಸದಲ್ಲಿ ಅವರಷ್ಟು ಚುರುಕು ಯಾರೂ ಇಲ್ಲ.

ಮಧ್ಯಾಹ್ನ 2 ಗಂಟೆಗೆ ಆ ಶಟರನ್ನು ಅರ್ಧ ಎತ್ತಿಸಿ, ಅಕ್ಕಪಕ್ಕದ ಇಬ್ಬರು ಅಂಗಡಿಯವರನ್ನು ಪಂಚರನ್ನಾಗಿ ಕೂರಿಸಿ, ಲುವೊ ಪಂಚನಾಮೆ ಶುರು ಮಾಡಿದರು. ಕಾನ್‌ಸ್ಟೇಬಲ್ ಮೊ ಜಿಹುಂಗ್ ಬರೆದುಕೊಳ್ಳುತ್ತಿದ್ದ. ತಾಂತ್ರಿಕ ವಿಭಾಗದವರು ಬರಲು ಇನ್ನೂ ಒಂದು ವಾರ. ಲುವೊ ಸುಯುನ್‌ಳನ್ನೇ ಕೂರಿಸಿಕೊಂಡರು.

"ನೀವೇ ನೋಡಿ ಹೇಳಿ, ಯಾಕೆ ಬಿತ್ತು ಅಂತ. ಕ್ಯಾಮೆರಾ ಚಾಲೂ ಇದೆ. ಸುಳ್ಳು ಹೇಳಿದ್ರೆ ಈ ಇಬ್ಬರಿಗೆ ಗೊತ್ತಾಗುತ್ತೆ."

"ನನ್ನ ಕುತ್ತಿಗೆಗೆ ನಾನೇ ಹಗ್ಗ ಹೊಸೀಬೇಕು ಅಂತೀರಿ," ಎಂದಳು ಸುಯುನ್. ಐವತ್ತರ ಹತ್ತಿರದ ಗಟ್ಟಿ ಹೆಂಗಸು. ಆದರೆ ಕೈ ಯಂತ್ರ ಮುಟ್ಟಿದ ಮೇಲೆ ಮಾತು ನಿಂತುಹೋಯಿತು.

ಮೊದಲು ಮುರಿದ ತೋಳಿಗೆ ಪಟ್ಟಿ ಕಟ್ಟಿ, ರೆಕ್ಕೆಗಳನ್ನೆಲ್ಲ ಬಿಚ್ಚಿದಳು. ನಾಲ್ಕೂ ಮೋಟರುಗಳನ್ನು ಬೆರಳಿನಿಂದ ತಿರುಗಿಸಿ ಕಿವಿಗೊಟ್ಟಳು. ನಾಲ್ಕೂ ನುಣ್ಣಗೆ ತಿರುಗಿದವು. ಬ್ಯಾಟರಿ ಹಾಕಿ ಚಾಲೂ ಮಾಡಿದಾಗ ಮೂರು ಸುತ್ತಿದವು, ಹಿಂದಿನ ಎಡಗಡೆಯದು ಗಡಗಡ ನಡುಗಿ ನಿಂತಿತು.

"ಮೋಟರ್ ಸುಟ್ಟಿದೆ," ಎಂದ ಮೊ.

"ಅಷ್ಟು ಬೇಗ ಬರೀಬೇಡಪ್ಪ. ಪೆನ್ನು ಕೆಳಗಿಡು."

ಅವಳು ಆ ಮೋಟರನ್ನು ಬಿಚ್ಚಿ, ಬೆಸುಗೆ ಕರಗಿಸಿ, ಓರೆಯಾಗಿ ಎದುರಿಗಿದ್ದ ಮುಂದಿನ ಬಲತೋಳಿಗೆ ಕೂರಿಸಿದಳು; ಅಲ್ಲಿದ್ದುದನ್ನು ಇಲ್ಲಿಗೆ ತಂದಳು. ಇಪ್ಪತ್ತು ನಿಮಿಷ ಹಿಡಿಯಿತು. ಮತ್ತೆ ಚಾಲೂ ಮಾಡಿದರೆ ನಡುಗಿದ ಮೋಟರು ಹೊಸ ಜಾಗದಲ್ಲಿ ಚೆನ್ನಾಗಿ ಓಡಿತು. ಹಿಂದಿನ ಎಡತೋಳಿನಲ್ಲಿ ಕೂತದ್ದೇ ಈಗ ನಡುಗುತ್ತಿತ್ತು.

"ನೋಡಿದ್ರಾ? ರೋಗ ಮೋಟರಿನ ಜೊತೆ ಹೋಗಲಿಲ್ಲ, ತೋಳಲ್ಲೇ ಉಳೀತು. ಮೋಟರ್ ಪಾಪದ್ದು. ಅದಕ್ಕೆ ಕರೆಂಟು ಹಂಚೋ ಬೋರ್ಡು ಕೆಟ್ಟಿದೆ." ಪಂಚರಿಬ್ಬರೂ ತಲೆಯಾಡಿಸಿದರು.

ಬೋರ್ಡಿನ ಮೇಲಿನ ತಗಡಿನ ಮುಚ್ಚಳ ಎತ್ತಿದಳು. ಒಳಗಿನ ಚಿಪ್‌ಗಳ ಸುತ್ತ ಹಸಿರು ಮಿಶ್ರಿತ ಬಿಳಿ ಪುಡಿ, ಜೋಳದ ಹಿಟ್ಟು ಚೆಲ್ಲಿದ ಹಾಗೆ.

"ಉಪ್ಪು. ಸಮುದ್ರಕ್ಕೆ ಬಿದ್ದು ಎದ್ದು ಬಂದ ಯಂತ್ರ ಇದು. ಹೊರಗೆ ತೊಳೆದು ಒಣಗಿಸಿದ್ದಾರೆ, ಮುಚ್ಚಳದ ಒಳಗೆ ಬಿಟ್ಟಿದ್ದಾರೆ. ಮೊದಮೊದಲು ಹಾರುತ್ತೆ. ಉಪ್ಪು ಮೆಲ್ಲಗೆ ತಿನ್ನುತ್ತೆ."

"ಯಾರು ಬಿಟ್ಟಿದ್ದು?"

"ನಾನಲ್ಲ."

ಬ್ಯಾಟರಿ ಗೂಡಿನ ತಳದಲ್ಲಿ, ಪ್ಲಾಸ್ಟಿಕ್ಕಿನ ಒಳಮೈ ಮೇಲೆ ಪೆನ್ಸಿಲ್ ಬರಹ ಕಂಡದ್ದು ಆಗಲೇ. ಚಿಕ್ಕ ಅಕ್ಷರಗಳಲ್ಲಿ: ಮೂರನೇ ತಿಂಗಳ ಹದಿನೆಂಟು.

ಮೊ ಅವಳ ರಿಜಿಸ್ಟರ್ ತಿರುವಿದ. ಇದೇ ಕ್ರಮಸಂಖ್ಯೆಯ ಡ್ರೋನ್ ಮಾರ್ಚ್ 17ಕ್ಕೆ ಅವಳ ಅಂಗಡಿಗೆ ಬಂದಿತ್ತು. ಕ್ಯಾಮೆರಾ ವೈರು ಬದಲಿಸಿ ಮಾರ್ಚ್ 18ಕ್ಕೆ ವಾಪಸು ಕೊಟ್ಟದ್ದೆಂದು ಅವಳದೇ ಕೈಬರಹದಲ್ಲಿತ್ತು. ನೀರಿನ ಮಾತೇ ಅದರಲ್ಲಿರಲಿಲ್ಲ.

"ನಿಮ್ಮ ಸೀಲು, ನಿಮ್ಮ ತಾರೀಖು. ಇನ್ನೇನು ಬೇಕಕ್ಕಾ?" ಎಂದ ಮೊ.

ಸುಯುನ್ ಆ ಪೆನ್ಸಿಲ್ ಅಕ್ಷರಗಳನ್ನೇ ನೋಡುತ್ತಿದ್ದಳು. ಅಷ್ಟು ಹೊತ್ತು ವಾದಿಸಿದವಳು ಒಮ್ಮೆಗೇ ಬಾಯಿ ಕಟ್ಟಿದವಳಂತೆ ಕೂತದ್ದು ಲುವೊಗೆ ಸರಿ ಕಾಣಲಿಲ್ಲ. ತಪ್ಪು ಮಾಡಿ ಸಿಕ್ಕಿಬಿದ್ದವರ ಮುಖ ಅವರಿಗೆ ಗೊತ್ತು. ಇದು ಯಾರದೋ ಸಾವಿನ ಸುದ್ದಿ ಕೇಳಿದವರ ಮುಖ.

ರಿಜಿಸ್ಟರಿನಲ್ಲಿದ್ದ ಹಳೆಯ ಮಾಲೀಕನ ನಂಬರಿಗೆ ಮೊ ಏಳು ಸಲ ಫೋನ್ ಮಾಡಿದ. ಸ್ವಿಚ್ ಆಫ್. ಗುರುವಾರ ಸಂಜೆ 6ರೊಳಗೆ ಸುಯುನ್‌ಳನ್ನು ಬಂಧನ ಕೇಂದ್ರಕ್ಕೆ ಕಳಿಸಬೇಕೆಂದು ಮೇಲಿನಿಂದ ಆದೇಶ ಬಂತು. ಮೇಚಿಂಗ್ ಕಣ್ಣು ಹೋದರೆ ಜೈಲೇ ಗತಿ; ಅಂಗಡಿ ಅಂತೂ ಮುಗಿದ ಹಾಗೆಯೇ.

ಮೇ 16, ಮಧ್ಯಾಹ್ನ 12.40. ಠಾಣೆಯಲ್ಲಿ ನೂಡಲ್ಸ್ ತಿನ್ನುತ್ತಿದ್ದಾಗ ಮೊ ಜಿಹುಂಗನ ತಾಯಿ ಫೋನ್ ಮಾಡಿದಳು. ಅವಳ ಗಂಟಲಿಗೆ ಸ್ಪೀಕರೇ ಬೇಕಿರಲಿಲ್ಲ.

"ನಿನ್ನೆ ನನ್ನ ಹುಟ್ಟಿದಹಬ್ಬ. ಒಂದು ಮಾತು ಆಡಿದ್ಯೇನೋ, ದರಿದ್ರದವನೇ?"

"ಅಯ್ಯೋ ಅಮ್ಮ, ಏಪ್ರಿಲ್ ಎಂಟಕ್ಕೇ ಮಾಡಿದ್ನಲ್ಲ! ನಿನ್ನ ಗುರುತಿನ ಚೀಟೀಲಿ ನಾಲ್ಕನೇ ತಿಂಗಳು ಎಂಟು ಅಂತ ಇದೆ."

"ಚೀಟಿ ನನ್ನನ್ನ ಹೆತ್ತಿತ್ತೇನೋ? ಅದು ಹಳೇ ಚಾಂದ್ರಮಾನ ಪಂಚಾಂಗದ ನಾಲ್ಕನೇ ತಿಂಗಳು! ವರ್ಷಾ ವರ್ಷಾ ಹೇಳ್ಬೇಕು ಈ ಮಂಕನಿಗೆ!"

ಎಲ್ಲರೂ ನಕ್ಕರು. ಲುವೊ ನಗಲಿಲ್ಲ. ಊಟದ ಕಡ್ಡಿಗಳನ್ನು ಬಟ್ಟಲ ಮೇಲಿಟ್ಟು, "ಮೊ, ಪಂಚಾಂಗ ತೆಗಿ. ಹಳೇ ಲೆಕ್ಕದಲ್ಲಿ ಮೂರನೇ ತಿಂಗಳ ಹದಿನೆಂಟು ಯಾವತ್ತು ಬಂತು?" ಎಂದರು.

ಮೊ ಫೋನಿನಲ್ಲಿ ನೋಡಿ ತಲೆ ಎತ್ತಿದ. "ಏಪ್ರಿಲ್ 26, ಮೇಡಂ."

"ಸುಯುನ್ ರಿಜಿಸ್ಟರಿನಲ್ಲಿ ತಾರೀಖು ಹೇಗೆ ಬರೀತಾಳೆ?"

"ಅಂಕೀಲಿ. ಹೊಸ ಕ್ಯಾಲೆಂಡರಿನ ಪ್ರಕಾರ. ಎಲ್ಲಾ ಕಡೆ ಹಾಗೇ."

"ಡ್ರೋನಿನಲ್ಲಿ ಇದ್ದದ್ದು ಅಕ್ಷರದಲ್ಲಿ."

ಆ ದಿನ ಸುಯುನ್ ಎಲ್ಲಿದ್ದಳೆಂದು ವಿಚಾರಿಸಿದ್ದಕ್ಕೆ 1.15ಕ್ಕೆ ರೈಲ್ವೆಯಿಂದ ಉತ್ತರ ಬಂತು. ಏಪ್ರಿಲ್ 22ರಿಂದ 29ರವರೆಗೆ ಸುಯುನ್ ಪಕ್ಕದ ಹುಯ್‌ಜೋ ನಗರಕ್ಕೆ ಮಗಳ ಹೆರಿಗೆಗೆಂದು ಹೋಗಿದ್ದಳು. ಅಲ್ಲಿನ ಆಸ್ಪತ್ರೆಯ ದಾಖಲೆಯಲ್ಲಿ ಎಂಟೂ ದಿನ ಅವಳ ಸಹಿ ಇತ್ತು. 1.50ಕ್ಕೆ ಹಳೆಯ ಮಾಲೀಕ ಕೊನೆಗೂ ಸಿಕ್ಕಿದ. ಹಡಗಿನ ಕೆಲಸದವನು, ಅವತ್ತೇ ದಡ ಮುಟ್ಟಿದ್ದ. ಏಪ್ರಿಲ್ 10ಕ್ಕೆ ಡ್ರೋನ್ ಸಮುದ್ರಕ್ಕೆ ಬಿತ್ತು, ಎತ್ತಿ ಗುಜರಿಯವನಿಗೆ ಹಾಕಿದೆ ಎಂದ. ಹಾಗಾದರೆ ಉಪ್ಪು ಹೊಕ್ಕದ್ದು ಸುಯುನ್ ಕೈಯಿಂದ ಹೋದ ಮೇಲೆ. ಲುವೊ ದೊಡ್ಡದಾಗಿ ಉಸಿರು ಬಿಟ್ಟರು. ಅಮಾಯಕಳನ್ನು ಒಳಗೆ ಕಳಿಸಲು ಬಾಕಿಯಿದ್ದದ್ದು ನಾಲ್ಕು ಗಂಟೆ.

ಸುಯುನ್‌ಳನ್ನು ಕರೆಸಿ ವಿಷಯ ಹೇಳಿದರು. ಅವಳಿಗೆ ಖುಷಿಯಾಗಲಿಲ್ಲ.

"ಆ ಅಕ್ಷರ ಯಾರದ್ದು ಅಂತ ನಿಮಗೆ ನಿನ್ನೇನೇ ಗೊತ್ತಿತ್ತು. ಅಲ್ವಾ?"

ಸುಯುನ್ ತಲೆ ತಗ್ಗಿಸಿದಳು.

"ಕೆಲಸ ಕಲಿಸಿದ್ದು ಯಾರು ನಿಮಗೆ?"

"ಅದೊಂದು ಕೇಳಬೇಡಿ ಮೇಡಂ," ಎಂದು ಸುಯುನ್ ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡಳು. ಬೇರೆ ಉತ್ತರ ಬೇಕಿರಲಿಲ್ಲ.

3.20. ಎರಡನೇ ಮಹಡಿ, ಮೆಟ್ಟಿಲ ಕೆಳಗಿನ ಪುಟ್ಟ ಅಂಗಡಿ. ಪಾಂಗ್ ಚಾಂಗ್‌ಫುಗೆ ಎಪ್ಪತ್ತೆರಡು. ಸುಯುನ್‌ಗೂ, ಪೇಟೆಯ ಅರ್ಧ ರಿಪೇರಿಯವರಿಗೂ ಗುರು. ಮೂಗಿನ ಮೇಲೆ ಎರಡು ಕನ್ನಡಕ, ಅದರ ಮೇಲೆ ಭೂತಗನ್ನಡಿ. ಲುವೊ ಏನನ್ನೂ ಹೇಳದೆ ಆ ಬೋರ್ಡನ್ನು ಅವರ ಮುಂದಿಟ್ಟರು.

"ಗುರುಗಳೇ, ಇದಕ್ಕೆ ಏನಾಗಿದೆ ನೋಡಿ ಹೇಳ್ತೀರಾ?"

ಮುದುಕ ದೀಪದ ಕೆಳಗೆ ಹಿಡಿದರು. ಹತ್ತಿರ ತಂದರು, ದೂರ ಒಯ್ದರು. ಮೊ ನಿಂತಲ್ಲಿಂದಲೇ ಆ ಪುಡಿ ಕಾಣುತ್ತಿತ್ತು.

"ಚೊಕ್ಕಟವಾಗಿದೆಯಲ್ಲಮ್ಮ."

ಯಾರೂ ಮಾತಾಡಲಿಲ್ಲ. ಆ ಮೌನದಲ್ಲೇ ಪಾಂಗ್‌ಗೆ ಅರ್ಥವಾಯಿತು. ಬೆರಳಿನಿಂದ ಬೋರ್ಡನ್ನು ಸವರಿದರು. ತುದಿಗೆ ಹತ್ತಿದ್ದನ್ನು ನಾಲಿಗೆಗೆ ಮುಟ್ಟಿಸಿಕೊಂಡರು.

"ಉಪ್ಪು," ಎಂದರು. ಆಮೇಲೆ, "ಪೇಟೇಲಿ ಮಾತಾಡ್ಕೊಳ್ತಿದ್ದಾರೆ. ಆ ಹೆಂಗಸಿನ ಕಣ್ಣಿಗೆ ಬಡಿದದ್ದು ಇದೇನಾ?"

"ಇದೇ. ಸೀಲು ಎಲ್ಲಿಂದ ಬಂತು?"

"ಸುಯುನ್ ಹೊಸ ವರ್ಷಕ್ಕೆ ಒಂದು ಹಾಳೆ ಕೊಟ್ಟಿದ್ಲು. ನಿಮ್ಮದು ಮುಗಿದಾಗ ನನ್ನದು ಹಚ್ಚಿ ಗುರುಗಳೇ ಅಂತ. ನನ್ನ ಸೀಲಿಗೆ ಈಗ ಯಾರೂ ಬರಲ್ಲಮ್ಮ. ಅವಳದ್ದು ಹಚ್ಚಿದ್ರೆ ಮಾಲು ಹೋಗುತ್ತೆ." ಡ್ರಾಯರಿನಲ್ಲಿ ಅರ್ಧ ಖಾಲಿಯಾದ ಹಾಳೆ ಸಿಕ್ಕಿತು. ಜಪ್ತಿ ಮಾಡಿದರು.

"ನೀರಿಗೆ ಬಿದ್ದದ್ದು ಅಂತ ಗೊತ್ತಿತ್ತಾ?"

"ಗೊತ್ತಿತ್ತು. ಗುಜರೀಲಿ ಕೊಂಡು, ಗೊತ್ತಿದ್ದೂ ನೀರೇ ಮುಟ್ಟದ್ದು ಅಂತ ದಲ್ಲಾಳಿಗೆ ಮಾರಿದೆ. ಪೂರ್ತಿ ತೊಳೆದಿದ್ದೀನಿ ಅಂದ್ಕೊಂಡಿದ್ದೆ. ಕಾಣಲಿಲ್ಲ. ಮೂರು ವರ್ಷದಿಂದ ನನಗೇನೂ ಸರಿಯಾಗಿ ಕಾಣಲ್ಲ."

ಹೇಳಿಕೆಯ ಕೆಳಗೆ ಸಹಿ ಹಾಕಿ, ಪಕ್ಕದಲ್ಲಿ ಅಭ್ಯಾಸಬಲದಿಂದ ಬರೆದರು: ನಾಲ್ಕನೇ ತಿಂಗಳ ಒಂಬತ್ತು. ಮೊ ಈ ಸಲ ತಕ್ಷಣ ಲೆಕ್ಕ ಹಾಕಿ, ಬದಿಯಲ್ಲಿ ಮೇ 16 ಎಂದು ಸೇರಿಸಿದ. 4.05ಕ್ಕೆ ಬಂಧನ. ಕೈಕೋಳ ಹಾಕಲಿಲ್ಲ, ಮೆಟ್ಟಿಲಿಳಿಯಲು ಅವರಿಗೆ ಕೈ ಹಿಡಿಯುವವರು ಬೇಕಿತ್ತು.

ಶುಕ್ರವಾರ ಬೆಳಿಗ್ಗೆ 10.30ಕ್ಕೆ ಆಸ್ಪತ್ರೆಯಿಂದ ಫೋನ್ ಬಂತು. ಮೇಚಿಂಗ್ ಪಟ್ಟಿ ಬಿಚ್ಚಿದ ಕೂಡಲೇ ನರ್ಸಿನ ಕೈ ಗಡಿಯಾರ ನೋಡಿ, ಬೆಳಗಿನ ಕುಣಿತಕ್ಕೆ ಹೊತ್ತಾಯಿತು ಎಂದಳಂತೆ. ಗಾಯ ರೆಪ್ಪೆಗೆ ಆಗಿತ್ತು, ಕಣ್ಣು ಉಳಿಯಿತು. ಲುವೊ ತಾವೇ ಹೋಗಿ ಪಾಂಗ್‌ಗೆ ತಿಳಿಸಿದರು. ಮುದುಕ ಮೇಜಿನ ಮೇಲೆ ತಲೆಯಿಟ್ಟು ಗಳಗಳ ಅತ್ತುಬಿಟ್ಟರು.

ಬಂಧನದ ವೈದ್ಯಕೀಯ ತಪಾಸಣೆಯಲ್ಲಿ ಎರಡೂ ಕಣ್ಣಿಗೆ ಪೊರೆ ಎಂದು ಬರೆದಿತ್ತು. ಅರ್ಧ ಗಂಟೆಯ ಆಪರೇಷನ್ನಿನಲ್ಲಿ ಹೋಗುವಂಥದ್ದು. ಕಣ್ಣು ಕಾಣದ ಗುರು ಎಂದು ಪೇಟೆಗೆ ಗೊತ್ತಾದೀತೆಂಬ ನಾಚಿಕೆಗೆ ಮೂರು ವರ್ಷ ಅವರು ಆಸ್ಪತ್ರೆಯ ಮೆಟ್ಟಿಲು ಹತ್ತಿರಲಿಲ್ಲ. ಲುವೊ ಅದನ್ನು ಕಡತದ ಕೊನೆಯ ಪುಟದಲ್ಲಿ ಒಂದೇ ಸಾಲಿನಲ್ಲಿ ಬರೆದರು.

ವಯಸ್ಸು ಮತ್ತು ಆರೋಗ್ಯದ ಕಾರಣಕ್ಕೆ ವಿಚಾರಣೆವರೆಗೆ ಜಾಮೀನು ಕೊಡಬಹುದಿತ್ತು. ಜಾಮೀನು ನಿಲ್ಲಲು ಸುಯುನ್ ಬಂದಳು. ಅವಳ ಶಟರಿನ ಮೇಲಿನ ನೋಟಿಸು ಬೆಳಿಗ್ಗೆಯೇ ಕಿತ್ತಿದ್ದರು. ಕಾಗದಕ್ಕೆ ಸಹಿ ಹಾಕಿ ಹೆಬ್ಬೆಟ್ಟು ಒತ್ತಿ, ಗುರುವಿನ ಮುಂದೆ ನಿಂತಳು.

ಪಾಂಗ್ ಹೆಜ್ಜೆ ಸದ್ದು ಬಂದ ಕಡೆ ಮುಖ ತಿರುಗಿಸಿದರು. "ನನ್ನ ಮೇಲೆ ಸಿಟ್ಟಿಲ್ವೇನೇ, ಸುಯುನ್?"

"ಬೇಕಾದಷ್ಟಿದೆ. ಸೋಮವಾರ ಆಪರೇಷನ್ನಿಗೆ ಹೆಸರು ಬರೆಸಿದ್ದೀನಿ. ಕಣ್ಣು ಬರಲಿ ಗುರುಗಳೇ, ಆಮೇಲೆ ಬೈತೀನಿ. ಬೈಯುವಾಗ ನನ್ನ ಮುಖ ನಿಮಗೆ ಕಾಣಬೇಕು."

ಅವರ ಕೈ ಹಿಡಿದುಕೊಂಡು ಹೊರಗೆ ನಡೆದಳು.