ತಡವಾಗಿ ಬೀಳುವ ಮೂರನೇ ಪೆಟ್ಟು

ಲಿಫ್ಟು ಎರಡನೇ ಮಹಡಿ ದಾಟಿ ಗಕ್ಕನೆ ನಿಂತಿತು!

ಅವಳ ಜೀವ ಬಾಯಿಗೆ ಬಂತು. ಎದೆಗವಚಿಕೊಂಡಿದ್ದ ರಟ್ಟಿನ ಡಬ್ಬದೊಳಗೆ ಹಳೆಯ ಕ್ಯಾಸೆಟ್ಟುಗಳು ಗಲಗಲ ಸದ್ದು ಮಾಡಿದವು. ಗುಂಡಿಗಳನ್ನೆಲ್ಲ ಒತ್ತಿದಳು. ಬಾಗಿಲು ಬಡಿದಳು. ಉತ್ತರವಿಲ್ಲ.

'ನಾನು ಇಲ್ಲಿ ಸಿಕ್ಕಿಹಾಕಿಕೊಂಡಿದ್ದೀನಿ ಅಂತ ಯಾರಿಗೆ ಗೊತ್ತಾಗುತ್ತೆ? ಸಂಜೆವರೆಗೂ ನನ್ನನ್ನ ಹುಡುಕೋರು ಯಾರಿದ್ದಾರೆ?'

ಭಯಕ್ಕಿಂತ ಆ ಯೋಚನೆಯೇ ಅವಳನ್ನು ಹೆಚ್ಚು ಕುಗ್ಗಿಸಿತು. ಲಿಫ್ಟಿನ ನೆಲದ ಮೇಲೆಯೇ ಕುಳಿತಳು. ಗಾಬರಿಯಾದಾಗಲೆಲ್ಲ ಮಾಡುವಂತೆ ಡಬ್ಬದ ಮೇಲೆ ಬೆರಳುಗಳಿಂದ ಬಾರಿಸತೊಡಗಿದಳು. ಒಂದು, ಎರಡು... ಮೂರು, ನಾಲ್ಕು. ಒಂದು, ಎರಡು... ಮೂರು, ನಾಲ್ಕು.

ಮೇಲೆಲ್ಲೋ ಕೇಳಿಸುತ್ತಿದ್ದ ಸ್ಪ್ಯಾನರಿನ ಸದ್ದು ಥಟ್ಟನೆ ನಿಂತಿತು.

"ಯಾರ್ರೀ ಒಳಗೆ?" ಗಂಡಸಿನ ದನಿ.

"ನಾನು! ಬೇಗ ತೆಗೀರಿ, ನಿಮಗೆ ಪುಣ್ಯ ಬರುತ್ತೆ!"

"ತೆಗೀತೀನಿ. ಮೊದಲು ಹೇಳಿ, ಆ ತಾಳ ಎಲ್ಲಿ ಕಲಿತ್ರಿ?"

'ಅಯ್ಯೋ, ಇವನ್ಯಾರಪ್ಪ! ಇಲ್ಲಿ ಪ್ರಾಣ ಹೋಗ್ತಿದೆ, ಇವನಿಗೆ ತಾಳದ ಚಿಂತೆ!'

"ಅದು 'ತುಕ್ಕು' ಬ್ಯಾಂಡಿನ ಹಾಡು ರೀ! ನಿಮಗೆ ಗೊತ್ತಿರಲ್ಲ, ಬಿಡಿ!"

ಮೇಲಿನಿಂದ ಕಬ್ಬಿಣದ ಮೇಲೆ ಕಬ್ಬಿಣ ಬಡಿಯುವ ಸದ್ದು. ಒಂದು, ಎರಡು... ಮೂರು, ನಾಲ್ಕು. ಮೂರನೇ ಪೆಟ್ಟು ಕೂದಲೆಳೆಯಷ್ಟು ತಡ. ಮುಂದೆ ಹೆಜ್ಜೆಯಿಡುವ ಮೊದಲು ಯಾರೋ ಒಮ್ಮೆ ಹಿಂದೆ ತಿರುಗಿ ನೋಡಿದ ಹಾಗೆ!

ಅವಳ ಮೈ ಜುಮ್ಮೆಂದಿತು. ಆ ತಾಳವನ್ನು ಹಾಗೆ ಬಾರಿಸುತ್ತಿದ್ದವನು ಒಬ್ಬನೇ ಒಬ್ಬ.

ಬಾಗಿಲು ಗೇಣಗಲ ತೆರೆಯಿತು. ಗ್ರೀಸು ಮೆತ್ತಿದ ಕೈಯೊಂದು ಇಳಿದು ಬಂತು. "ಡಬ್ಬ ಕೊಡಿ ಮೊದಲು. ಆಮೇಲೆ ನೀವು."

"ನೀವು... ತುಕ್ಕು ಬ್ಯಾಂಡಿನ ಡ್ರಮ್ಮರ್ ಅಲ್ವಾ?"

ಅವನು ಡಬ್ಬದ ಮೇಲೆ ಅಂಟಿಸಿದ್ದ ಫೋಟೊ ನೋಡಿದ. ಮೈಕು ಹಿಡಿದು ಕೂಗುತ್ತಿರುವ ಹಾಡುಗಾರನ ಫೋಟೊ. ಅರಳಿದ್ದ ಮುಖ ಸಪ್ಪಗಾಯಿತು.

"ಅಲ್ಲ. ಲಿಫ್ಟ್ ಮೆಕ್ಯಾನಿಕ್," ಎಂದ.

* * *

ಅವಳ ಕೆಲಸ ಕತ್ತರಿಸುವುದು. ರೇಡಿಯೊ ಕೇಂದ್ರದ ನಾಲ್ಕನೇ ಮಹಡಿಯ ಪುಟ್ಟ ಕೋಣೆಯಲ್ಲಿ ಕುಳಿತು ಬೇರೆಯವರ ಮಾತನ್ನು ಒಪ್ಪ ಮಾಡುತ್ತಾಳೆ. ಕೆಮ್ಮು, ತೊದಲು, ಉಸಿರು, ಎಲ್ಲ ತೆಗೆದು ನೀಟಾಗಿ ಜೋಡಿಸುತ್ತಾಳೆ. ಅದಕ್ಕೇ ಕೇಂದ್ರದಲ್ಲಿ ಅವಳಿಗೆ 'ಕತ್ತರಿ' ಎಂದೇ ಹೆಸರು. ಹನ್ನೆರಡು ವರ್ಷದಲ್ಲಿ ಸಾವಿರಾರು ಜನರ ಮಾತು ಕೇಳಿದ್ದಾಳೆ. ಅವಳ ಮಾತು ಕೇಳಿದವರು ಎಷ್ಟು ಮಂದಿ? ಬೆರಳೆಣಿಕೆ.

ಮನೆಯೆಂದರೆ ಒಂದು ಕೋಣೆ. ಒಂದು ಕುರ್ಚಿ, ಒಂದು ಲೋಟ. ಎರಡನೆಯ ಲೋಟ ಒಡೆದು ಮೂರು ವರ್ಷವಾಯಿತು. ಇನ್ನೊಂದು ತರಬೇಕೆಂದು ಅವಳಿಗೆ ಅನ್ನಿಸಿರಲೇ ಇಲ್ಲ.

ಈಗ ಅವಳ ಕೈಗೆ ಬಂದಿದ್ದು ನಾಲ್ಕು ಭಾನುವಾರಗಳ ಕಾರ್ಯಕ್ರಮ: 'ಕರ್ಕಶನ ದನಿ'. ಇಪ್ಪತ್ತು ವರ್ಷದ ಹಿಂದೆ ನಾಲ್ವರು ಹುಡುಗರು ಕಟ್ಟಿದ್ದ ಪಂಕ್ ಬ್ಯಾಂಡು 'ತುಕ್ಕು'. ಎರಡೇ ನಿಮಿಷದ ಹಾಡುಗಳು, ಸಿಟ್ಟು, ಗಲಾಟೆ. ಸರಿಗಮ ಬಲ್ಲವರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಹಾಡುಗಾರನನ್ನು ಯಾರೋ ಬೈದು 'ಕರ್ಕಶ' ಎಂದರು. ಅವನು ಅದನ್ನೇ ಹೆಸರಾಗಿ ಇಟ್ಟುಕೊಂಡ. ಅವನು ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡು ಹನ್ನೊಂದು ವರ್ಷ. ಅಂದಿನಿಂದ ಡ್ರಮ್ಮರ್ ಯಾವ ರೇಡಿಯೊಗೂ ಬಾಯಿ ಬಿಟ್ಟವನಲ್ಲ.

ಆದರೆ ಲಿಫ್ಟು ಮಾತ್ರ ಕೆಡುತ್ತಲೇ ಇತ್ತು. ಪ್ರತಿ ಮಂಗಳವಾರ ಅವನು ಬರಲೇಬೇಕು. ಬಂದರೆ ಕ್ಯಾಂಟೀನಿನಲ್ಲಿ ಟೀ.

"ಎರಡು ಟೀ," ಎಂದು ಹೇಳುವಾಗಲೆಲ್ಲ ಅವಳಿಗೆ ಒಳಗೊಳಗೇ ಸಂತೋಷವಾಗುತ್ತಿತ್ತು. 'ಎರಡು' ಎನ್ನುವುದು ಎಷ್ಟು ಒಳ್ಳೆಯ ಸಂಖ್ಯೆ!

"ನನ್ನ ಹುಡುಕಿಕೊಂಡು ಬಂದೋರೆಲ್ಲ ಕರ್ಕಶನನ್ನ ಹುಡುಕಿಕೊಂಡು ಬಂದೋರೇ," ಎಂದಿದ್ದ ಅವನು ಒಂದು ಮಂಗಳವಾರ. "ನಾನು ಬರೀ ದಾರಿ ಕೇಳೋಕೆ ಸಿಗೋ ಅಂಗಡಿ."

"ನಾನು ಹಾಗಲ್ಲ."

"ನಿಮ್ಮ ಡಬ್ಬದ ಮೇಲಿರೋ ಫೋಟೊ ಯಾರದು?"

ಅವಳಿಗೆ ಹೇಳಲು ಬೇಕಾದಷ್ಟಿತ್ತು. ಬೇರೆಯವರ ಮಾತನ್ನು ಪಟಪಟನೆ ಜೋಡಿಸುವ ಹುಡುಗಿಗೆ ತನ್ನ ಒಂದು ಮಾತು ಜೋಡಿಸಲು ಬರಲಿಲ್ಲ, ನೋಡಿ!

ಒಮ್ಮೆ ಅವಳನ್ನು ಲಾಂಡ್ರಿಗೂ ಕರೆದುಕೊಂಡು ಹೋಗಿದ್ದ. ಅದು ಕರ್ಕಶನ ಅಕ್ಕನ ಅಂಗಡಿ. ಹನ್ನೊಂದು ವರ್ಷದಿಂದ ಪ್ರತಿ ಭಾನುವಾರ ಮಧ್ಯಾಹ್ನದ ಊಟ ಅವನಿಗೆ ಅಲ್ಲೇ, ಒಗೆದ ಬಟ್ಟೆಗಳ ಗಂಟುಗಳ ನಡುವೆ. "ಒಬ್ಬ ತಮ್ಮ ಹೋದ, ಇನ್ನೊಬ್ಬ ಉಳಿದ," ಎಂದಿದ್ದಳು ಅಕ್ಕ, ಇಸ್ತ್ರಿಪೆಟ್ಟಿಗೆ ತಳ್ಳುತ್ತಲೇ. ಅವನಿಗೆ ಈ ಲೋಕದಲ್ಲಿ ತನ್ನವರೆಂದು ಇದ್ದದ್ದು ಆ ಅಕ್ಕ ಒಬ್ಬಳೇ.

ಕೊನೆಗೂ ಒಂದು ಮಂಗಳವಾರ ಅವನು ಮೈಕಿನ ಮುಂದೆ ಕುಳಿತ. "ನಿಮಗೋಸ್ಕರ," ಎಂದ. ಅವಳ ಕಿವಿ ಕೆಂಪಾಯಿತು.

ಮುಕ್ಕಾಲು ಗಂಟೆ ಮಾತಾಡಿದ. ಕೊನೆಯಲ್ಲಿ ಅವಳು ಕೇಳಿದಳು, "ಅವರ ನೆನಪು ಈಗಲೂ ಕಾಡುತ್ತಾ?"

ಅವನು ತಲೆ ತಗ್ಗಿಸಿದ. ಎಷ್ಟೋ ಹೊತ್ತು ಮಾತಿಲ್ಲ. ಕಣ್ಣು ತುಂಬಿತ್ತು, ಅವಳು ನೋಡಿದಳು. ಆಮೇಲೆ ಗಂಟಲು ಸರಿಮಾಡಿಕೊಂಡು "ಇಲ್ಲ," ಎಂದ. "ಮುಂದಿನದು ಕೇಳಿ."

ಅಂಥ 'ಇಲ್ಲ' ಕೇಳಿದರೆ ಕಲ್ಲಿಗೂ ಅರ್ಥವಾಗಬೇಕು. ಅವಳಿಗೂ ಅರ್ಥವಾಗಿತ್ತು.

ಅದಕ್ಕೇ ಅವಳು ಮೋಸಹೋದಳು! ಶನಿವಾರ ಗಡಿಬಿಡಿಯಲ್ಲಿ ಮೂರನೇ ಭಾಗ ಕತ್ತರಿಸುವಾಗ, ದಿನಕ್ಕೆ ಹತ್ತು ಬಾರಿ ಮಾಡುವ ಹಾಗೆ, ಮೌನ ತೆಗೆಯುವ ಗುಂಡಿ ಒತ್ತಿದಳು. ಖಾಲಿ ಜಾಗವೆಲ್ಲ ತಾನಾಗಿಯೇ ಹಾರಿಹೋಯಿತು. ತಪ್ಪದೆ ಪೂರ್ತಿ ಕೇಳಿಯೂ ನೋಡಿದಳು. ಆದರೆ ಅವನ ಆ ಮೌನ ಅವಳ ತಲೆಯಲ್ಲಿ ಹಾಗೇ ಕುಳಿತಿತ್ತಲ್ಲ... ಟೇಪಿನಲ್ಲಿ ಇಲ್ಲದ್ದು ಅವಳ ಕಿವಿಗೆ ಕೇಳಿಸಿತು. ಎಲ್ಲ ಸರಿಯಾಗಿದೆ ಎಂದುಕೊಂಡು ಕಳಿಸಿಬಿಟ್ಟಳು.

ಭಾನುವಾರ ನಾಲ್ಕು ಗಂಟೆಗೆ ಎಲ್ಲರೂ ಕೇಳಿದ್ದು ಇಷ್ಟೇ: "ಅವರ ನೆನಪು ಈಗಲೂ ಕಾಡುತ್ತಾ?" "ಇಲ್ಲ. ಮುಂದಿನದು ಕೇಳಿ."

* * *

ಮಂಗಳವಾರ ಲಿಫ್ಟಿಗೆ ಬೇರೆ ಮೆಕ್ಯಾನಿಕ್ ಬಂದ.

"ಅವರು ಯಾಕೆ ಬರಲಿಲ್ಲ?"

"ಈ ಕಟ್ಟಡ ಬೇಡ ಅಂದ್ರಂತೆ ಮೇಡಂ."

ಅವಳು ಅವನಿಗೆ ಫೋನ್ ಮಾಡಿದಳು, ಎತ್ತಲಿಲ್ಲ. ಕ್ಯಾಂಟೀನಿನಲ್ಲಿ ಬಾಯಿತಪ್ಪಿ "ಎರಡು ಟೀ" ಎಂದುಬಿಟ್ಟು ಇಬ್ಬರದ್ದನ್ನೂ ಒಬ್ಬಳೇ ಕುಡಿದಳು. ಸಂಜೆ ತಡೆಯಲಾರದೆ ಲಾಂಡ್ರಿಗೆ ಓಡಿದಳು.

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. "ಏನಮ್ಮ, ಬಟ್ಟೆ ಕೊಡೋದಿತ್ತಾ?"

"ಅಕ್ಕಾ, ಅವರು..."

"ಯಾರು? ಅವನಾ? ಆಸ್ಪತ್ರೇಲಿ ನನ್ನ ತಮ್ಮನ ಕಾಲು ಒತ್ತಿದೋನು, ಅವನಿಗಾದ್ರೂ ನೆನಪಿರುತ್ತೆ ಅಂದುಕೊಂಡಿದ್ದೆ. ಕೇಳಿದ ತಕ್ಷಣ 'ಇಲ್ಲ' ಅಂದುಬಿಟ್ಟನಲ್ಲ! ಒಂದು ಕ್ಷಣ ಯೋಚನೆನೂ ಮಾಡಲಿಲ್ಲ! ಹನ್ನೊಂದು ವರ್ಷ ನನ್ನ ಕೈ ಊಟ ತಿಂದ..." ಅಕ್ಕ ಮತ್ತೆ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡಳು. "ಇನ್ನು ಮೇಲೆ ಬರಬೇಡ ಅಂದೆ."

ಅವಳಿಗೆ ಆಗ ಹೊಳೆಯಿತು. 'ಒಂದು ಕ್ಷಣ ಯೋಚನೆ... ಅಯ್ಯೋ ದೇವರೇ! ಆ ಮೌನ! ನಾನೇ... ನನ್ನ ಕೈಯಾರೆ!'

ಹೊರಗೆ ಬಂದರೆ ರಸ್ತೆಯ ಆಚೆ ಅವನು ನಿಂತಿದ್ದ. ಒಳಗೆ ಹೋಗಲೂ ಆಗದೆ, ಮನೆಗೆ ಮರಳಲೂ ಆಗದೆ ನಿಂತವನು. ಅವಳು ಓಡಿಹೋದಳು.

"ತಪ್ಪು ನಂದು! ಬೇಕೂಂತ ಮಾಡಿದ್ದಲ್ಲ..."

"ಗೊತ್ತು," ಎಂದ ಮೆಲ್ಲಗೆ. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. "ನಿಮಗೆ ಬೇಕಾಗಿದ್ದು ಅವನ ದನಿ. ಅದು ಒಂದು ಚೂರೂ ಮುಕ್ಕಾಗದ ಹಾಗೆ ನೋಡಿಕೊಂಡ್ರಿ. ನಂದು ನಡುವಿನ ಸದ್ದು... ಹೋದರೇನು, ಬಿಡಿ."

"ಹಾಗನ್ನಬೇಡಿ, ನಾನು..."

ಅಷ್ಟರಲ್ಲಿ ಬಸ್ಸು ಬಂತು. ಅವನು ಹತ್ತಿದ. ಅವಳ ಮಾತು ಮತ್ತೆ ಗಂಟಲಲ್ಲೇ ಉಳಿಯಿತು.

* * *

ಮರುದಿನ ಬೆಳಿಗ್ಗೆ ಕೋಣೆಯ ಬಾಗಿಲು ಹಾಕಿಕೊಂಡು ಕತ್ತರಿಸದ ಟೇಪು ಹಾಕಿದಳು. ಕಣ್ಣು ಮುಚ್ಚಿ ಕೇಳಿದಳು.

ಅವಳ ಪ್ರಶ್ನೆ. ಆಮೇಲೆ ಹದಿನಾಲ್ಕು ಸೆಕೆಂಡು.

ಕುರ್ಚಿ ಕಿರುಗುಟ್ಟಿತು. ಅವನು ಉಸಿರು ಎಳೆದುಕೊಂಡ. ಅದು ನಡುವೆಯೇ ತಡೆಯಿತು. ಮತ್ತೆ... ಏನದು? ಅವಳು ಸದ್ದು ಹೆಚ್ಚು ಮಾಡಿದಳು. ಮೇಜಿನ ಕೆಳಗೆ, ತೊಡೆಯ ಮೇಲೆ, ಬೆರಳು. ಒಂದು, ಎರಡು... ಮೂರು, ನಾಲ್ಕು.

ಅಂದು ಅವನ ಮುಖವನ್ನೇ ನೋಡುತ್ತ ಕುಳಿತಿದ್ದವಳಿಗೆ ಇದು ಕೇಳಿಸಿಯೇ ಇರಲಿಲ್ಲ! ಹೆಡ್‌ಫೋನ್ ತೆಗೆಯದೆಯೇ ಬಿಕ್ಕಿ ಬಿಕ್ಕಿ ಅತ್ತಳು.

ನಾಲ್ಕನೇ ಭಾಗ, ಕೊನೆಯ ಭಾಗ, ಬಾಕಿಯಿತ್ತು. ಅದರಲ್ಲಿ ಆ ಮೌನವನ್ನು ಹಾಕುತ್ತೇನೆಂದಾಗ ಕೇಂದ್ರದ ನಿರ್ದೇಶಕಿ ಮೇಡಂ ಖಡಾಖಂಡಿತವಾಗಿ ಹೇಳಿದರು: "ಹದಿನಾಲ್ಕು ಸೆಕೆಂಡ್ ಮೌನಾನಾ? ಕೇಳುಗರು ರೇಡಿಯೊ ಕೆಟ್ಟುಹೋಯ್ತು ಅಂತ ಅದರ ತಲೆಗೆ ತಟ್ಟುತ್ತಾರೆ. ಆಗಲ್ಲ. ಹಾಕಿದ್ರೆ ಸೋಮವಾರ ಕೆಲಸಕ್ಕೆ ಬರಬೇಡ."

ಅದು ಸಾಲದೆಂಬಂತೆ ಪ್ರಸಾರ ಕಾಯುವ ಯಂತ್ರದ ಕಾಟ ಬೇರೆ. ಹತ್ತು ಸೆಕೆಂಡು ಸದ್ದಿಲ್ಲದಿದ್ದರೆ ಕೇಂದ್ರ ಬಂದ್ ಆಗಿದೆಯೆಂದು ತಿಳಿದು ಆ ಯಂತ್ರ ತಾನಾಗಿಯೇ ಕೊಳಲು ಸಂಗೀತ ಹಾಕಿಬಿಡುತ್ತದೆ. ಬೆರಳಿನ ಮೆಲ್ಲನೆಯ ಪೆಟ್ಟು ಅದರ ಲೆಕ್ಕಕ್ಕೆ ಸದ್ದೇ ಅಲ್ಲ.

"ಮಾವಾ..." ಎಂದಳು ಎಂಜಿನಿಯರ್ ಮುಂದೆ ನಿಂತು. ನಿವೃತ್ತಿಗೆ ಮೂರು ತಿಂಗಳಿದ್ದ ಅವರನ್ನು ಕೇಂದ್ರದಲ್ಲಿ ಎಲ್ಲರೂ ಕರೆಯುತ್ತಿದ್ದುದು ಹಾಗೆಯೇ. "ಆ ಯಂತ್ರ ಸುಮ್ಮನಿರಬೇಕಾದ್ರೆ ಏನು ಮಾಡಬೇಕು?"

"ಅದರ ಗುಂಡಿ ಒತ್ತಿ ಹಿಡಿದಿರಬೇಕು. ಯಾಕೆ?"

ಅವಳು ಎಲ್ಲ ಹೇಳಿದಳು. ಲಿಫ್ಟಿನಿಂದ ಬಸ್ಸಿನವರೆಗೆ. ಮಾವ ಕನ್ನಡಕ ಒರೆಸಿಕೊಂಡರು.

"ನಲವತ್ತು ವರ್ಷ ಈ ಕೇಂದ್ರ ಒಂದು ಕ್ಷಣ ಸುಮ್ಮನಿರದ ಹಾಗೆ ಕಾದಿದ್ದೀನಿ. ಹದಿನಾಲ್ಕು ಸೆಕೆಂಡ್ ರಜೆ ತಗೊಂಡ್ರೆ ಯಾರೇನು ಮಾಡ್ತಾರೆ? ಹೋಗು, ಬೆರಳು ನಂದು."

* * *

ಭಾನುವಾರ ನಾಲ್ಕು ಗಂಟೆ. ಹನ್ನೆರಡು ವರ್ಷದಲ್ಲಿ ಮೊದಲ ಬಾರಿಗೆ ಅವಳೇ ನೇರ ಪ್ರಸಾರಕ್ಕೆ ಮೈಕಿನ ಮುಂದೆ ಕುಳಿತಳು. ಗಾಜಿನಾಚೆ ಕೆಂಪು ದೀಪ ಹತ್ತಿತು.

"ನಮಸ್ಕಾರ. ನಾನು ಈ ಕಾರ್ಯಕ್ರಮ ಕತ್ತರಿಸುವವಳು. ಕಳೆದ ವಾರ ಒಂದು ತಪ್ಪು ಮಾಡಿದೆ. ಒಬ್ಬರ ಉತ್ತರವನ್ನು ಕತ್ತರಿಸಿ ಎಸೆದೆ. ಮಾತಿಲ್ಲದ್ದರಿಂದ ಅದು ಉತ್ತರ ಅನ್ನೋದೇ ಆ ಹೊತ್ತಿಗೆ ಹೊಳೆಯಲಿಲ್ಲ. ಇವತ್ತು ಅದನ್ನ ಪೂರ್ತಿ ಕೇಳಿ. ಲಾಂಡ್ರಿ ಅಕ್ಕಾ... ನೀವು ದಯವಿಟ್ಟು ರೇಡಿಯೊ ಹತ್ತಿರ ಬನ್ನಿ."

ಟೇಪು ತಿರುಗಿತು. ಐದು... ಎಂಟು... ಹತ್ತು! ಮಾವನ ಹೆಬ್ಬೆರಳು ಗುಂಡಿಯ ಮೇಲೆ ಬೆಳ್ಳಗಾಗಿತ್ತು. ಕೊಳಲು ಬರಲಿಲ್ಲ. ಹನ್ನೆರಡು... ಹದಿನಾಲ್ಕು.

"ಇಲ್ಲ. ಮುಂದಿನದು ಕೇಳಿ."

ಆಮೇಲೆ ಹಾಡು ಹಾಕಿದಳು. ಗಾಜಿನಾಚೆ ನಿರ್ದೇಶಕಿ ಮೇಡಂ ಬಂದು ನಿಂತಿದ್ದರು. ಬೈಯಲೆಂದೇ ಬಂದವರು ಸೆರಗಿನ ತುದಿಯಿಂದ ಕಣ್ಣು ಒತ್ತಿಕೊಂಡು, "ಸೋಮವಾರ ಒಂಬತ್ತಕ್ಕೆ ಬಾ. ಬೈಯೋದಿದೆ," ಎಂದು ಹೊರಟರು.

ಫೋನು ಹೊಡೆದುಕೊಂಡಿತು.

"ನಾನಮ್ಮ, ಲಾಂಡ್ರಿ." ಅಕ್ಕ ಮೂಗು ಒರೆಸಿಕೊಳ್ಳುವುದು ಕೇಳಿಸಿತು. "ಆ ಬೆರಳಿನ ಸದ್ದು ಕೇಳಿಸ್ತು. ಊಟಕ್ಕೆ ಕೂತಾಗೆಲ್ಲ ಅವನು ಮೇಜಿನ ಮೇಲೆ ಹಾಗೇ ಕುಟ್ಟೋನು. ನನ್ನ ತಮ್ಮ ಬೈಯೋನು, 'ಮೂರನೇದು ಬೇಗ ಹಾಕೋ' ಅಂತ... ಅವನಿಗೆ ಹೇಳು, ರಾತ್ರಿ ಊಟಕ್ಕೆ ಬರಲಿ. ನೀನೂ ಬಾ."

"ಅವರು ನನ್ನ ಫೋನ್ ಎತ್ತಲ್ಲ ಅಕ್ಕಾ."

"ಹುಡುಕಿ ಹೇಳು! ಅಷ್ಟು ದೊಡ್ಡ ರೇಡಿಯೊ ಇಟ್ಟುಕೊಂಡಿದ್ದೀರ!"

ಅವಳು ಹೊರಗೋಡಿದಳು. ಲಿಫ್ಟಿನ ಮುಂದೆ 'ದುರಸ್ತಿಯಲ್ಲಿದೆ' ಎಂಬ ಹಲಗೆ. ಹೊಸ ಮೆಕ್ಯಾನಿಕ್ಕನ ಕೈವಾಡ! ಮೆಟ್ಟಿಲಿಳಿಯತೊಡಗಿದಳು. ಮೂರನೇ ಮಹಡಿಯ ತಿರುವಿನಲ್ಲಿ ಕೆಳಗಿನಿಂದ ದಡದಡ ಹೆಜ್ಜೆ ಸದ್ದು.

ಅವನು! ಮುಖವೆಲ್ಲ ಬೆವರು. ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದ.

"ನಿಮ್ಮ... ಲಿಫ್ಟು... ಕೆಟ್ಟಿದೆ."

"ಗೊತ್ತು. ಒಬ್ಬರು ಮೆಕ್ಯಾನಿಕ್ ಬರೋದು ಬಿಟ್ಟರು." ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. "ಅಕ್ಕ ಊಟಕ್ಕೆ ಕರೆದಿದ್ದಾರೆ. ಇಬ್ಬರನ್ನೂ."

ಅವನು ಮೆಟ್ಟಿಲ ಮೇಲೆ ಕುಸಿದು ಕುಳಿತ. ಎರಡು ಕೈಯಿಂದ ಮುಖ ಮುಚ್ಚಿಕೊಂಡ. ಅವಳು ಪಕ್ಕದಲ್ಲಿ ಕುಳಿತಳು. ಈ ಸಲ ಮಾತು ಗಂಟಲಲ್ಲಿ ನಿಲ್ಲಲಿಲ್ಲ.

"ನಂಗೆ ಹದಿನಾರು ವರ್ಷ ಆಗ. ಹಾಸ್ಟೆಲಲ್ಲಿದ್ದೆ. ಭಾನುವಾರ ಎಲ್ಲರನ್ನೂ ನೋಡೋಕೆ ಮನೆಯವರು ಬರೋರು. ನಂಗೆ ಯಾರೂ ಇರಲಿಲ್ಲ. ರೇಡಿಯೊ ಇಟ್ಟುಕೊಳ್ಳೋ ಹಾಗಿರಲಿಲ್ಲ, ದಿಂಬಿನ ಕೆಳಗೆ ಬಚ್ಚಿಟ್ಟು ಕೇಳ್ತಿದ್ದೆ. ದಿಂಬಿನ ಕೆಳಗಿಂದ ಹಾಡು ಎಲ್ಲಿ ಕೇಳುತ್ತೆ? ಬರೀ ನಿಮ್ಮ ಪೆಟ್ಟು ಕೇಳ್ತಿತ್ತು. ಆ ಮೂರನೇದು ತಡವಾದಾಗೆಲ್ಲ, ಇನ್ನು ಬರೋದೇ ಇಲ್ವೇನೋ ಅನ್ನಿಸೋದು. ಆದ್ರೆ ಬರ್ತಿತ್ತು. ಪ್ರತಿ ಸಲ ಬರ್ತಿತ್ತು. ಲಿಫ್ಟಲ್ಲಿ ನಾನು ಹಾಡ್ತಿದ್ದೆನಾ? ನೆನಪು ಮಾಡಿಕೊಳ್ಳಿ. ಬಾರಿಸ್ತಿದ್ದೆ."

ಅವನು ತಲೆಯೆತ್ತಿ ನೋಡಿದ. ಬಾಯಿ ತೆರೆದ. ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ.

ಅವಳು ಅವನ ಕೈ ಹಿಡಿದುಕೊಂಡಳು. "ನಿಧಾನ. ನಂಗೇನೂ ಅವಸರ ಇಲ್ಲ."

"ಇಷ್ಟೊಂದು ಉಸಿರು..." ಎಂದ ಅವನು ತಡೆತಡೆದು. "ಕತ್ತರಿಸಲ್ವಾ?"

"ಒಂದನ್ನೂ ಇಲ್ಲ."

ಅವನ ಬೆರಳು ಅವಳ ಅಂಗೈ ಮೇಲೆ ಮೆಲ್ಲಗೆ ಆಡಿತು. ಒಂದು, ಎರಡು...

ಅವಳು ಕಾದಳು.