ಸೋಮವಾರ, ಗುರುವಾರದ ಕೆಂಪು ಚುಕ್ಕೆ

ಗುರುವಾರ ಬಂತೆಂದರೆ ಶ್ರೀಕರ್ ಕೈಯಲ್ಲಿ ಬಾಳೆಹಣ್ಣು. ಸೋಮವಾರ ಬಂತೆಂದರೆ ಸಾಬೂದಾನಿ ಖಿಚಡಿ, ಅದೂ ಉಪ್ಪು ಕಡಿಮೆ. ಹೀಗೆ ಮೂರು ತಿಂಗಳು. ನನಗೆ ಬೇಕಾಗಿದ್ದದ್ದು ಒಂದು ಮಸಾಲೆ ದೋಸೆ, ಮತ್ತೆ ನಿಜ ಹೇಳುವಷ್ಟು ಧೈರ್ಯ. ಎರಡೂ ಸಿಗದೆ ಹಣ್ಣಿನ ಸಿಪ್ಪೆ ಸುಲಿಯುತ್ತಾ ಕೂತಿದ್ದೆ.

"ಅರ್ಧಾನೂ ತಿನ್ನಲಿಲ್ಲಲ್ರೀ," ಎನ್ನುತ್ತಿದ್ದರು ಅವರು, ಕನ್ನಡಕದ ಮೇಲಿನಿಂದ ನೋಡುತ್ತಾ. "ಉಪವಾಸ ಅಂದ್ರ ಶಕ್ತಿ ಬೇಕಲ್ಲ?"

"ತಿಂತೀನಿ ಬಿಡಿ."

ಆ ನೋಟಕ್ಕೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಆಗುತ್ತಿರಲಿಲ್ಲ. ಐವತ್ತೇಳರ ಗಂಡಸು ಹಾಗೆ ನೋಡಿದರೆ, ಐವತ್ತೆರಡರ ಹೆಂಗಸು ಬಾಯಿ ಮುಚ್ಚಿಕೊಂಡು ಬಾಳೆಹಣ್ಣು ತಿನ್ನುತ್ತಾಳೆ. ನನ್ನ ಕರ್ಮ!

ನಮ್ಮ ಭೇಟಿಯೇ ಒಂದು ಅವಾಂತರ. ಆಸ್ಟಿನ್ ಕನ್ನಡ ಕೂಟದವರ ಯುಗಾದಿ ಊಟಕ್ಕೆ ನಾನು ಅಡುಗೆಮನೆ ಡ್ಯೂಟಿಯಲ್ಲಿದ್ದೆ. ಮುನ್ನೂರು ಜನಕ್ಕೆ ಹೋಳಿಗೆ ಬಿಸಿ ಮಾಡುವ ಹೊತ್ತಿಗೆ ಸರಿಯಾಗಿ ಹೊಟ್ಟೆಯಿಂದ ನೆತ್ತಿಯವರೆಗೆ ಜ್ವಾಲೆ ಎದ್ದಿತು. ಹಾಟ್ ಫ್ಲ್ಯಾಶ್, ಮುಟ್ಟು ನಿಲ್ಲುವ ವಯಸ್ಸಿನ ಉಡುಗೊರೆ. ರೇಷ್ಮೆ ಸೀರೆಯಲ್ಲೇ ಹೋಗಿ, ದೊಡ್ಡ ಫ್ರಿಜ್ಜಿನ ಬಾಗಿಲು ತೆಗೆದು, ಮೊಸರಿನ ಬಕೆಟ್ಟುಗಳ ಮಧ್ಯೆ ತಲೆ ಇಟ್ಟು ನಿಂತುಬಿಟ್ಟೆ.

"ಏನ್ ಕಳಕೊಂಡೀರಿ?" ಹಿಂದಿನಿಂದ ಧಾರವಾಡದ ದನಿ. "ನಾನೂ ಹುಡುಕ್ಲೇನ್ರಿ?"

"ನನ್ನ ತಲೆ!" ಎಂದೆ ಒಳಗಿನಿಂದಲೇ.

ಅವರು ನಗಲಿಲ್ಲ. ಬಾಗಿಲು ಮುಚ್ಚಿಕೊಳ್ಳದ ಹಾಗೆ ಭುಜ ಕೊಟ್ಟು ನಿಂತರು. ಯಾರೋ ಮೊಸರು ಕೇಳಿಕೊಂಡು ಬಂದರೆ, "ಐದು ನಿಮಿಷ ತಡೀರಿ, ರಿಪೇರಿ ನಡದದ," ಎಂದು ಸಾಗಹಾಕಿದರು. ಡಿವೋರ್ಸ್ ಆಗಿ ಹನ್ನೊಂದು ವರ್ಷದ ಮೇಲೆ, ಮೊಸರಿನ ವಾಸನೆಯ ನಡುವೆ, ನನಗೆ ಒಬ್ಬ ಗಂಡಸು ಇಷ್ಟವಾದ.

ಮೂರನೇ ಸಲ ಕಾಫಿಗೆ ಸೇರಿದಾಗ ಅವರು ಹೆಂಡತಿಯ ವಿಷಯ ಹೇಳಿದರು. ರಾಜಲಕ್ಷ್ಮಿ, ಸ್ತನದ ಕ್ಯಾನ್ಸರ್, ಎಂಟು ವರ್ಷದ ಹಿಂದೆ. ಹೇಳಿ ಮುಗಿಸಿ ಬಹಳ ಹೊತ್ತು ಚಮಚ ತಿರುಗಿಸುತ್ತಾ ಕೂತಿದ್ದರು. ಅದಾದ ಮೇಲೆ ವಾಟ್ಸಾಪಿನಲ್ಲಿ ಫಾರ್ವರ್ಡ್‌ಗಳು ಶುರುವಾದವು. 'ಹಾರ್ಮೋನ್ ಎಂಬ ವಿಷ.' 'ಮುಟ್ಟು ನಿಂತ ಮಹಿಳೆಯರೇ ಎಚ್ಚರ.' ಕೊನೆಯಲ್ಲಿ ಕೈಮುಗಿದ ಎರಡು ಇಮೋಜಿ.

ನಾನೋ, ನಿದ್ದೆ ಕಂಡು ಒಂದೂವರೆ ವರ್ಷವಾಗಿದ್ದವಳು. ಮೀಟಿಂಗಿನಲ್ಲಿ ನನ್ನ ಟೀಮಿನವರ ಹೆಸರೇ ಮರೆತು, "ಅದೇ, ಆ ಹುಡುಗ" ಎನ್ನುವ ಸ್ಥಿತಿ. ಅಗಸೆ ಬೀಜ ತಿಂದೆ, ಸೋಯಾ ಹಾಲು ಕುಡಿದೆ, ಯೋಗ ಮಾಡಿದೆ. ಕೊನೆಗೆ ಡಾಕ್ಟರ್ ಹತ್ತಿರ ಹೋದೆ. ಆಕೆ ಅರ್ಧ ಗಂಟೆ ಕೂರಿಸಿಕೊಂಡು, ನಮ್ಮ ಮನೆತನದಲ್ಲಿ ಯಾರಿಗೆ ಏನಿತ್ತು ಎಂದೆಲ್ಲ ಕೇಳಿ, ಹಾರ್ಮೋನ್ ಚಿಕಿತ್ಸೆಯ ಲಾಭ ಅಪಾಯ ಎರಡನ್ನೂ ಬಿಡಿಸಿ ಹೇಳಿದರು. ಅಪಾಯ ಸೊನ್ನೆ ಎನ್ನಲಿಲ್ಲ, ಹೆದರಿಸಲೂ ಇಲ್ಲ. "ನಿರ್ಧಾರ ನಿಮ್ಮದು. ಮ್ಯಾಮೊಗ್ರಾಮ್ ಮಾತ್ರ ತಪ್ಪಿಸಬೇಡಿ," ಎಂದರು.

ನಿರ್ಧರಿಸಿದೆ. ಕಿಬ್ಬೊಟ್ಟೆಯ ಮೇಲೆ ಅಂಟಿಸುವ ಪುಟ್ಟ ಪ್ಯಾಚು, ಅದರ ಜೊತೆ ಮಲಗುವಾಗ ಒಂದು ಮಾತ್ರೆ. ಪ್ಯಾಚನ್ನು ವಾರಕ್ಕೆ ಎರಡು ಸಲ ಬದಲಿಸಬೇಕು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಸೋಮವಾರ, ಗುರುವಾರ ಅಂತ ಮಾಡಿಕೊಂಡೆ. ಮರೆಯಬಾರದೆಂದು ಇಂಡಿಯನ್ ಸ್ಟೋರಿನವರು ಕೊಟ್ಟ ಕ್ಯಾಲೆಂಡರಿನಲ್ಲಿ ಪ್ರತಿ ಸಲ ಬದಲಿಸಿದಾಗಲೂ ಮುಂದಿನ ಸರದಿಯ ದಿನಕ್ಕೆ ಕೆಂಪು ಪೆನ್ನಿನಲ್ಲಿ ಚುಕ್ಕೆ ಇಡುತ್ತಾ ಬಂದೆ. ಕೆಲವು ವಾರಗಳಲ್ಲೇ ಕಣ್ತುಂಬ ನಿದ್ದೆ ಬಂತು. ಬದುಕಿದೆ ಅನ್ನಿಸಿತು.

ಆ ಚುಕ್ಕೆಗಳು ಶ್ರೀಕರ್ ಕಣ್ಣಿಗೆ ಬಿದ್ದವು.

"ಸೋಮವಾರ, ಗುರುವಾರ," ಎಂದು ಕ್ಯಾಲೆಂಡರಿನ ಮುಂದೆ ನಿಂತು ಭಕ್ತಿಯಿಂದ ಓದಿದರು. "ಈಶ್ವರಂದೂ ರಾಯರದೂ ಎರಡೂ ವಾರ ಹಿಡದೀರೇನ್ರಿ?"

ನಾನು ಹೂಂ ಎಂದೆ. ಒಂದೇ ಒಂದು ಹೂಂ! ಅದರ ಫಲ ಮೂರು ತಿಂಗಳ ಬಾಳೆಹಣ್ಣು.

ಹೋದ ಭಾನುವಾರ ಅವರು ನಮ್ಮನೆ ಸಿಂಕಿನ ಮುಂದೆ ಪಾತ್ರೆ ಒರೆಸುತ್ತಾ, ನನ್ನ ಕಡೆ ನೋಡದೆ ಕೇಳಿದರು. "ವೈದೇಹಿ, ನಾವಿಬ್ರೂ ಒಂದ ಮನ್ಯಾಗ ಇದ್ರ ಹೆಂಗ್ರಿ? ಮದುವಿ ಆಗಿ." ಒರೆಸಿದ ತಟ್ಟೆಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು. ಕಿವಿ ಕೆಂಪಾಗಿತ್ತು.

ತಕ್ಷಣ ಆಗಲಿ ಎನ್ನಬೇಕು ಅನ್ನಿಸಿತು. ಆದರೆ ಹೊಟ್ಟೆಯ ಮೇಲೆ ಪ್ಯಾಚ್ ಇಟ್ಟುಕೊಂಡು, ಬಾಯಲ್ಲಿ ಸುಳ್ಳು ಇಟ್ಟುಕೊಂಡು ಹೇಗೆ ಎನ್ನಲಿ? ಹೇಳಿದರೆ ಅವರು ಹೆದರಿ ದೂರವಾಗುತ್ತಾರೆ. ಹೇಳದಿದ್ದರೆ ಜೀವನಪೂರ್ತಿ ಉಪವಾಸ. ಒಂದು ವಾರ ಟೈಮ್ ಕೇಳಿದೆ.

ಹಿಂದಿನ ವಾರ ಮಾಡಿಸಿದ್ದ ಮ್ಯಾಮೊಗ್ರಾಮ್, ಅಂದರೆ ಸ್ತನದ ಎಕ್ಸ್‌ರೇ, ಅದರ ಮೆಸೇಜ್ ಮಂಗಳವಾರ ಬಂತು. ಬಲಗಡೆ ಸರಿಯಾಗಿ ಕಾಣುತ್ತಿಲ್ಲ, ಇನ್ನಷ್ಟು ಚಿತ್ರ ಬೇಕು, ಗುರುವಾರ ಬನ್ನಿ. ಹೀಗೆ ಕರೆಯುವುದು ಎಷ್ಟೋ ಜನರಿಗೆ ಆಗುತ್ತದೆ ಎಂದು ಕೆಳಗೇ ಬರೆದಿತ್ತು. ಓದಿದೆ, ಮತ್ತೆ ಮೂರು ಸಲ ಓದಿದೆ. ಹ್ಯೂಸ್ಟನ್ನಿನಲ್ಲಿರುವ ಮಗಳು ಅನಿಕಾಗೆ ಫೋನ್ ಮಾಡಿದರೆ, "ಅಮ್ಮಾ, ಜಸ್ಟ್ ಟೆಲ್ ಹಿಮ್!" ಎಂದು ನನ್ನ ಮೇಲೇ ರೇಗಿದಳು.

ಗುರುವಾರ ಬೆಳಿಗ್ಗೆ ಸ್ನಾನ ಮಾಡಿ, ಮೆಸೇಜಿನಲ್ಲಿ ಹೇಳಿದ್ದಂತೆ ಪೌಡರ್, ಸೆಂಟು, ಡಿಯೋಡರೆಂಟ್ ಏನೂ ಹಾಕದೆ, ಕತ್ತಿನ ಸರ ತೆಗೆದಿಟ್ಟು ಹೊರಟೆ. ಬಾಗಿಲು ತೆಗೆದರೆ ಎದುರಿಗೇ ಶ್ರೀಕರ್, ಕೈಯಲ್ಲಿ ಬಾಳೆಹಣ್ಣಿನ ಚೀಲ.

ಮೇಲಿಂದ ಕೆಳಗೆ ನೋಡಿ ಮುಖ ಅರಳಿಸಿದರು. "ಮಡೀಲೆ ಗುಡಿಗೆ ಹೊಂಟೀರಿ! ಬರ್ರಿ, ನಾನ ಡ್ರೈವ್ ಮಾಡ್ತೀನಿ."

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಗುಡಿಗಲ್ಲ ರೀ! ಮ್ಯಾಮೊಗ್ರಾಮಿಗೆ! ಬಲಗಡೆ ಏನೋ ಇದೆಯಂತೆ. ಮತ್ತೆ ನಾನು ಯಾವ ವ್ರತಾನೂ ಮಾಡ್ತಿಲ್ಲ. ಆ ಚುಕ್ಕೆ ಹಾರ್ಮೋನ್ ಪ್ಯಾಚಿಂದು. ಸೋಮವಾರ ಒಂದು, ಗುರುವಾರ ಒಂದು, ಹೊಟ್ಟೆ ಮೇಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ. ನನಗೆ ಬಾಳೆಹಣ್ಣು ಕಂಡ್ರೆ ಮೈ ಉರಿಯುತ್ತೆ, ಆ ಉರಿಗೆ ಯಾವ ಪ್ಯಾಚೂ ಇಲ್ಲ!"

ಎದುರುಮನೆಯವನು ಹುಲ್ಲು ಕತ್ತರಿಸುವ ಮೆಷಿನ್ ನಿಲ್ಲಿಸಿ ನೋಡಿದ. ಶ್ರೀಕರ್ ಮುಖ ಬಿಳಿಚಿಕೊಂಡಿತು. ನನ್ನ ಕೈಯಿಂದ ಕಾರಿನ ಕೀ ತೆಗೆದುಕೊಂಡರು.

ಇಮೇಜಿಂಗ್ ಸೆಂಟರಿನ ಪಾರ್ಕಿಂಗಿನಲ್ಲಿ ಕಾರು ನಿಂತ ಮೇಲೂ ಅವರ ಕೈ ಸ್ಟೀರಿಂಗ್ ಬಿಡಲಿಲ್ಲ.

"ಅದನ್ನ ತಗದ ಒಗೀರಿ, ವೈದೇಹಿ. ಇವತ್ತ."

"ತೆಗೆಯಲ್ಲ."

"ನಾ ಒಮ್ಮೆ ನೋಡೀನ್ರಿ. ಇನ್ನೊಮ್ಮೆ ನೋಡೋ ಶಕ್ತಿ ನನಗಿಲ್ಲ."

"ನೀವು ನೋಡೋದು ಆಮೇಲಿನ ಮಾತು. ಈ ಮೈಯಲ್ಲಿ ದಿನಾ ಇರೋಳು ನಾನು. ಡಾಕ್ಟರ್ ಬೇಡ ಅಂದ್ರೆ ಬಿಡ್ತೀನಿ. ನಿಮ್ಮ ಫಾರ್ವರ್ಡ್ ನೋಡಿ ಬಿಡಲ್ಲ." ಸೀಟ್ ಬೆಲ್ಟ್ ಬಿಚ್ಚಿದೆ. "ನಿಮಗೆ ಭಯ ಆದ್ರೆ ಕೀ ಇಲ್ಲೇ ಬಿಟ್ಟು ಊಬರ್ ಮಾಡ್ಕೊಂಡು ಹೋಗಿ. ನಾನು ಬೇಜಾರು ಮಾಡ್ಕೊಳಲ್ಲ."

ಸುಳ್ಳು. ಬೇಜಾರಾಗುತ್ತಿತ್ತು, ಪ್ರಾಣ ಹೋದಷ್ಟು. ಬಾಗಿಲು ಬಡಿದು ಒಳಗೆ ಹೋದೆ.

ಮೆಷಿನ್ನಿನ ಎರಡು ಹಲಗೆಗಳ ನಡುವೆ ಅಪ್ಪಚ್ಚಿಯಾಗಿ ಉಸಿರು ಹಿಡಿದು ನಿಂತಾಗಲೂ ಅವರದೇ ಯೋಚನೆ. ಹೋಗಿರುತ್ತಾರೆ. ಬಾಳೆಹಣ್ಣನ್ನಾದರೂ ಬಿಟ್ಟಿರುತ್ತಾರೋ ಇಲ್ಲವೋ. ಆಮೇಲೆ ಅಲ್ಟ್ರಾಸೌಂಡ್. ಆಮೇಲೆ ಕಾಯುವುದು. ಎರಡು ಗಂಟೆಯ ನಂತರ ಅಲ್ಲಿನ ಡಾಕ್ಟರ್ ಬಂದು, "ನೀರು ತುಂಬಿದ ಸಾಧಾರಣ ಗುಳ್ಳೆ, ಚಿಂತೆಯಿಲ್ಲ, ಮುಂದಿನ ವರ್ಷ ಬನ್ನಿ," ಎಂದರು. ಪ್ಯಾಚಿನ ಬಗ್ಗೆ ಕೇಳಿದೆ. ಈ ಗುಳ್ಳೆಗಾಗಿ ನಿಲ್ಲಿಸಬೇಕಿಲ್ಲ, ನಿಮ್ಮ ಡಾಕ್ಟರಿಗೂ ರಿಪೋರ್ಟ್ ಕಳಿಸುತ್ತೇನೆ ಎಂದರು. ಗೌನು ಹಾಕಿಕೊಂಡೇ ಐದು ನಿಮಿಷ ಅತ್ತೆ.

ಹೊರಗೆ ಬಂದರೆ, ವೇಟಿಂಗ್ ರೂಮಿನಲ್ಲಿ, ಗುಲಾಬಿ ಬಣ್ಣದ ಕುರ್ಚಿಯ ತುದಿಯಲ್ಲಿ ಶ್ರೀಕರ್. ಮಡಿಲಲ್ಲಿ ಬಾಳೆಹಣ್ಣಿನ ಚೀಲ. ನನ್ನ ಮುಖ ನೋಡುತ್ತಾ ಎದ್ದು ನಿಂತರು.

"ಏನೂ ಇಲ್ಲ," ಎಂದೆ. "ನೀರಿನ ಗುಳ್ಳೆ, ಅಷ್ಟೇ."

ಮತ್ತೆ ಕೂತುಬಿಟ್ಟರು. ಪಕ್ಕದಲ್ಲಿ ನಾನೂ ಕೂತೆ.

"ಪಾರ್ಕಿಂಗಿಂದ ಒಳಗ ಬರ್ಲಿಕ್ಕೆ ನಲವತ್ತು ನಿಮಿಷ ಹಿಡೀತ್ರಿ," ಎಂದರು ನೆಲ ನೋಡುತ್ತಾ. "ಎಂಟು ವರ್ಷದಿಂದ ಇಂಥಾ ಬಾಗಿಲ ದಾಟಿಲ್ಲ." ಬಾಳೆಹಣ್ಣಿನ ಚೀಲವನ್ನು ಕೆಳಗಿಟ್ಟರು. "ರಾಜಲಕ್ಷ್ಮಿ ಯಾವತ್ತೂ ಹಾರ್ಮೋನ್ ತಗೊಂಡಿರಲಿಲ್ಲ, ವೈದೇಹಿ. ಒಂದ ಗುಳಿಗೀನೂ ಇಲ್ಲ. ಆದ್ರೂ ಬಂತು. ಯಾಕ ಬಂತು ಅಂತ ಯಾರೂ ಹೇಳಲಿಲ್ಲ. ಯಾವುದರ ಮ್ಯಾಲಾದ್ರೂ ಸಿಟ್ಟು ಮಾಡಬೇಕಿತ್ತು ನನಗ."

ಮೂರು ತಿಂಗಳ ನನ್ನ ರೇಗಾಟವೆಲ್ಲ ಆ ಮಾತಿಗೆ ಕರಗಿಹೋಯಿತು. ಅವರ ಕೈ ಹಿಡಿದುಕೊಂಡೆ. ತಣ್ಣಗಿತ್ತು.

"ಅಂಜಿಕಿ ಹೋಗೂದಿಲ್ಲ," ಎಂದರು. "ಆದ್ರ ಅದು ನನ್ನ ಅಂಜಿಕಿ. ನಾ ನೋಡ್ಕೋತೀನಿ. ಪ್ಯಾಚ್ ನಿಮ್ಮದು. ನೀವೂ ಡಾಕ್ಟರೂ ಏನ್ ಹೇಳ್ತೀರೋ ಹಂಗ."

"ಸುಳ್ಳು ಹೇಳಿದ್ದು ನನ್ನ ತಪ್ಪು."

"ತಪ್ಪ ಹೌದು!" ಅವರ ದನಿಗೆ ಈಗ ಜೀವ ಬಂತು. "ನಿಮ್ಮ ಸಂಗಾಟ ನಾನೂ ಮೂರು ತಿಂಗಳ ಉಪವಾಸ ಮಾಡೀನ್ರಿ! ವಾರಕ್ಕ ಎರಡ ದಿನ! ಆರು ಕಿಲೋ ಇಳದೀನಿ!"

ನಗು ತಡೆಯಲಾಗಲಿಲ್ಲ. "ಅಯ್ಯೋ ದೇವರೇ! ನೀವ್ಯಾಕೆ ಮಾಡಿದ್ರಿ?"

ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಕಿವಿ ಮತ್ತೆ ಕೆಂಪಾಯಿತು. "ರಾಯರ ಹತ್ರ ಬೇಡ್ಕೊಂಡಿದ್ದೆ. ನೀವು ಹೂಂ ಅನ್ನಲಿ ಅಂತ."

ರಿಸೆಪ್ಷನ್ನಿನ ಹುಡುಗಿ ನಮ್ಮನ್ನೇ ನೋಡುತ್ತಿದ್ದಳು. ನೋಡಲಿ.

"ಹೂಂ," ಎಂದೆ. "ಈ ಸಲ ನಿಜವಾದ ಹೂಂ."

ಮನೆಗೆ ಬರುವ ದಾರಿಯಲ್ಲಿ ಎರಡು ಮಸಾಲೆ ದೋಸೆ, ಒಂದು ಪ್ಲೇಟ್ ಮದ್ದೂರು ವಡೆ ಪಾರ್ಸಲ್ ಆಯಿತು. ಗುರುವಾರ ಈರುಳ್ಳಿಯೇ ಎಂದು ರಾಯರ ಭಕ್ತರು ಒಂದು ಕ್ಷಣ ತಡವರಿಸಿದರು. ನಾನು ನೋಡಿದ ನೋಟಕ್ಕೆ ತೆಪ್ಪಗಾದರು.

ತಟ್ಟೆ ಹಾಕುತ್ತಿದ್ದೆ. ಅವರು ಕ್ಯಾಲೆಂಡರಿನ ಮುಂದೆ ಹೋಗಿ ನಿಂತರು. ಆ ದಿನದ ಚುಕ್ಕೆ ನೋಡಿದರು. ದೊಡ್ಡದಾಗಿ ಒಂದು ಉಸಿರು ತೆಗೆದುಕೊಂಡು, ಹುಕ್ಕಿಗೆ ತೂಗುಹಾಕಿದ್ದ ಕೆಂಪು ಪೆನ್ನನ್ನು ಕೈಗೆತ್ತಿಕೊಂಡು, ಮುಂದಿನ ಸೋಮವಾರಕ್ಕೆ ತಾವೇ ಒಂದು ಚುಕ್ಕೆ ಇಟ್ಟರು.

"ಇವತ್ತ ಎಡಕ್ಕೋ ಬಲಕ್ಕೋ?" ಎಂದು ಕೇಳಿದರು.

"ಎಡಕ್ಕೆ," ಎಂದೆ. "ಮೊದಲು ಬನ್ನಿ, ದೋಸೆ ಆರಿಹೋಗುತ್ತೆ."